ರಾಧಾಬಾಯಿ ಎಣಿಸಿದ ಮೂವತ್ತು ದಿನ

ರಾಧಾಬಾಯಿಯವರನ್ನು ನಮ್ಮ ಆಫೀಸಿನಲ್ಲಿ ಯಾರೂ ಇಷ್ಟಪಡುತ್ತಿರಲಿಲ್ಲ. ಅವರಿಗೂ ನಮ್ಮಲ್ಲಿ ಯಾರೂ ಬೇಕಿರಲಿಲ್ಲ. ಹೊಸಪೇಟೆಯ ಕಾಲೇಜು ರಸ್ತೆಯಲ್ಲಿದ್ದ ಒಂದು ಅದಿರು ಕಂಪನಿಯ ಆಫೀಸು ಅದು. ನಾನು ಅಲ್ಲಿ ಟೈಪಿಸ್ಟ್, ಅವರು ಗಣಿಯ ನಕ್ಷೆ ಬರೆಯುವವರು. ಹತ್ತು ವರ್ಷ ಒಂದೇ ಹಾಲಿನಲ್ಲಿ ಕೂತರೂ ಅವರು ನನ್ನ ಊರು ಯಾವುದೆಂದು ಕೇಳಿರಲಿಲ್ಲ. ಅವರ ಮೇಜಿನ ಹತ್ತಿರ ಚಹಾದ ಲೋಟ ಹಿಡಿದು ಹೋದರೆ ತಲೆ ಎತ್ತದೆ, ಆ ಕಡೆ ಹೋಗು ಎಂದು ಕೈಸನ್ನೆ ಮಾಡುತ್ತಿದ್ದರು. ಕುಡಿಯುವ ನೀರನ್ನು ಮನೆಯಿಂದ ತಾಮ್ರದ ಚೊಂಬಿನಲ್ಲಿ ತರುತ್ತಿದ್ದರು.

ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ, ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ತವರಿಗೆ ಬಂದವರು. ಆಮೇಲೆ ಬಳ್ಳಾರಿಯಲ್ಲಿ ನಕ್ಷೆಯ ಕೆಲಸ ಕಲಿತು, ಒಂದು ನೀರಾವರಿ ಕಚೇರಿಯಲ್ಲಿ ಒಂಬತ್ತು ವರ್ಷ ನಕ್ಷೆ ನಕಲು ಮಾಡುವ ದಿನಗೂಲಿಯ ಟ್ರೇಸರ್ ಆಗಿದ್ದರು. ಅಲ್ಲಿ ಒಮ್ಮೆ ಮೇಲಿನವರ ನಕ್ಷೆಯೊಂದರಲ್ಲಿ ಕಾಲುವೆಯ ಮಟ್ಟ ತಪ್ಪಿದ್ದನ್ನು ತಾವಾಗಿ ಹೋಗಿ ತೋರಿಸಿದರು. ತಪ್ಪನ್ನು ತಿದ್ದಿಕೊಂಡರು, ತೋರಿಸಿದವರಿಗೆ ಮುಂದಿನ ತಿಂಗಳಿಂದ ಬರಬೇಡ ಎಂದರು. ಕೇಳದೆ ಯಾರಿಗೂ ಏನೂ ಹೇಳಬಾರದು ಎಂಬುದನ್ನು ಅವರು ಅಲ್ಲಿ ಕಲಿತು ಬಂದಿದ್ದರು.

ಕೆಲಸದಲ್ಲಿ ಮಾತ್ರ ಅವರನ್ನು ಸರಿಗಟ್ಟುವವರಿರಲಿಲ್ಲ. ಕಂಪ್ಲಿಯ ಹಾಲಸ್ವಾಮಿ ನಮ್ಮ ಸರ್ವೇಯರ್. ಅವರು ಸಂಡೂರಿನ ಗುಡ್ಡದಲ್ಲಿ ಅಳೆದು ಅಳತೆ ಪುಸ್ತಕ ತಂದುಕೊಟ್ಟರೆ, ರಾಧಾಬಾಯಿ ಹದಿನೈದು ದಿನ ಬಗ್ಗಿ ಕೂತು ಅದನ್ನು ಕಪ್ಪು ಶಾಯಿಯ ನಕ್ಷೆ ಮಾಡುತ್ತಿದ್ದರು. ಗೆರೆ ತಪ್ಪಿದರೆ ಬ್ಲೇಡಿನ ತುದಿಯಿಂದ ಹೆರೆದು ತೆಗೆಯುವರು. ಹೆರೆದ ಜಾಗ ಎಲ್ಲಿ ಎಂದು ಬೆಳಕಿಗೆ ಹಿಡಿದರೂ ಕಾಣುತ್ತಿರಲಿಲ್ಲ.

ಎರಡು ಸಾವಿರದ ಐದನೇ ಇಸವಿಯ ಹೊತ್ತಿಗೆ ಅದಿರಿಗೆ ಚೀನಾದಿಂದ ಬೇಡಿಕೆ ಬಂದು ಎಲ್ಲದಕ್ಕೂ ಅವಸರ ಹತ್ತಿತು. ರಸ್ತೆ ತುಂಬ ಲಾರಿ, ಕಿಟಕಿ ತುಂಬ ಕೆಂಪು ಧೂಳು. ಹಾಲಸ್ವಾಮಿ ಹಿಂದಿನ ವರ್ಷವೇ ನಿವೃತ್ತರಾಗಿದ್ದರು. ನಮ್ಮ ಧಣಿ ವೇದಾಂತ್ ಎಂಬ ಇಪ್ಪತ್ತೆಂಟು ವರ್ಷದ ಎಂಜಿನಿಯರನ್ನು ತಂದು ಕೂರಿಸಿದರು. ಹೊಸಪೇಟೆಯವನೇ, ರಾಧಾಬಾಯಿಯವರ ಜಾತಿಯ ಮನೆತನವೇ. ಮೊದಲ ದಿನ ಆತ ಅವರ ಮೇಜಿನ ಮುಂದೆ ನಿಂತು, ಇದನ್ನೆಲ್ಲ ಇನ್ನೂ ಕೈಯಲ್ಲಿ ಮಾಡುತ್ತೀರಾ ಎಂದು ಎಲ್ಲರಿಗೂ ಕೇಳುವಂತೆ ನಕ್ಕ.

ಆತನ ಹತ್ತಿರ ಒಂದು ಸಿ.ಡಿ. ಇತ್ತು. ಗಣಿಯ ನಕ್ಷೆ ಮಾಡುವ ಸಾಫ್ಟ್‌ವೇರ್. ಮೂವತ್ತು ದಿನ ಪುಕ್ಕಟೆ, ಆಮೇಲೆ ಬೇಕೆಂದರೆ ಕೊಳ್ಳಬೇಕು. ಪುಕ್ಕಟೆ ಅವಧಿಯಲ್ಲಿ ನಕ್ಷೆಯನ್ನು ಪರದೆಯ ಮೇಲೆ ನೋಡಬಹುದಿತ್ತು, ಕಾಗದದ ಮೇಲೆ ತೆಗೆಯಲು ಬರುತ್ತಿರಲಿಲ್ಲ. ಧಣಿಗೆ ಗುಡ್ಡವನ್ನು ಬಣ್ಣಬಣ್ಣವಾಗಿ ತಿರುಗಿಸಿ ತೋರಿಸಿದಾಗ ಅವರು ಖುಷಿಯಾದರು. ಮರುದಿನದಿಂದ ರಾಧಾಬಾಯಿಗೆ ಹೊಸ ಕೆಲಸ: ತಮ್ಮ ಹಳೆಯ ನಕ್ಷೆಗಳಿಂದ ಒಂದೊಂದೇ ಅಂಕಿ ಓದಿ ಹೇಳುವುದು, ವೇದಾಂತ್ ಒತ್ತಿಕೊಳ್ಳುವುದು. ಹದಿನಾರು ವರ್ಷದ ಗೆರೆಗಳನ್ನು ಅವರು ಬೇಸರದ ದನಿಯಲ್ಲಿ ಓದಿ ಒಪ್ಪಿಸಿದರು.

ಪ್ರತಿ ಬೆಳಗ್ಗೆ ಯಂತ್ರ ತೆರೆದ ಕೂಡಲೆ ಪರದೆಯ ನಡುವೆ ಒಂದು ಚೌಕ ಬರುತ್ತಿತ್ತು: ಇನ್ನು ಇಷ್ಟು ದಿನ ಉಳಿದಿದೆ ಎಂದು. ವೇದಾಂತ್ ಅದನ್ನು ಓದದೆ ಒತ್ತಿ ಅಳಿಸುವನು. ಪಕ್ಕದಲ್ಲಿ ಕೂತ ರಾಧಾಬಾಯಿ ಓದುತ್ತಿದ್ದರು. ಇಪ್ಪತ್ತಾರು. ಇಪ್ಪತ್ತೈದು. ಧಣಿಗೆ ಇದನ್ನು ಕೊಳ್ಳುವ ಮನಸ್ಸಿಲ್ಲ, ವೇದಾಂತ್ ಆ ಮಾತು ಕೇಳಿಯೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಒಮ್ಮೆ ನನ್ನ ಮೇಜಿನ ಮುಂದೆ ಹಾದುಹೋಗುವಾಗ, ಯಾರನ್ನೂ ಉದ್ದೇಶಿಸದೆ, "ಇನ್ನ ಇಪ್ಪತ್ತೆರಡು," ಎಂದರು. ಅವರ ಮುಖದಲ್ಲಿ ನಗು ಕಂಡದ್ದು ನನಗೆ ಅದೇ ಮೊದಲು.

ಅದೇ ವಾರ ವಡ್ಡು ಊರಿನ ಕಡೆಯಿಂದ ಉಚ್ಚೆಂಗಪ್ಪ ಎಂಬ ರೈತ ಆಫೀಸಿಗೆ ಬಂದ. ನಮ್ಮ ಗಣಿಯ ಬಡಗಣ ಎಲ್ಲೆಗೆ ಹೊಂದಿ ಆತನ ನಾಲ್ಕೆಕರೆ ಜೋಳದ ಹೊಲ. ಯಂತ್ರಗಳು ಗಡಿಕಲ್ಲು ದಾಟಿ ತನ್ನ ಹೊಲ ಅಗೆಯುತ್ತಿವೆ, ನಕ್ಷೆ ತೋರಿಸಿರಿ ಎಂದು ಕೇಳಿದ. ಇಲಾಖೆಯಲ್ಲಿ ವಿಚಾರಿಸಿದರೆ ಪ್ರತಿ ಸಿಗುತ್ತಿಲ್ಲ ಅಂದರಂತೆ. ವೇದಾಂತ್ ನಕ್ಷೆಯೆಲ್ಲ ಈಗ ಕಂಪ್ಯೂಟರಿಗೆ ಹೋಗುತ್ತಿದೆ, ಮುಗಿಯಲಿ, ತಿಂಗಳು ಬಿಟ್ಟು ಬಾ ಎಂದ. ರಾಧಾಬಾಯಿಯ ಬೆನ್ನ ಹಿಂದಿನ ಕಪಾಟಿನಲ್ಲೇ ಆ ಎಲ್ಲೆಯ ಮೂಲ ನಕ್ಷೆ ಇತ್ತು. ಅವರು ತಿರುಗಿ ನೋಡಲಿಲ್ಲ. ಉಚ್ಚೆಂಗಪ್ಪ ಹೊರಟುಹೋದ.

ಹದಿನೆಂಟನೇ ದಿನ ವೇದಾಂತ್ ಕಪಾಟು ಖಾಲಿ ಮಾಡಿಸಿದ. ಅಳತೆ ಪುಸ್ತಕಗಳೂ ಕಾಗದಗಳೂ ರದ್ದಿಗೆ ಹೋದವು. ಹಳೆಯ ಮೂಲ ನಕ್ಷೆಗಳು ಗಂಜಿ ಹಾಕಿದ ನಯವಾದ ಬಟ್ಟೆಯ ಮೇಲಿದ್ದವು; ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಗಂಜಿಯೊಂದಿಗೆ ಶಾಯಿಯೂ ಬಿಟ್ಟು, ಒಳ್ಳೆಯ ಮೆತ್ತನೆ ಬಟ್ಟೆ ಸಿಗುತ್ತದೆ. ಬೇಕಾದವರು ಒಯ್ಯಿರಿ ಎಂದ. ಕಸ ಗುಡಿಸುವ ಗಾಳೆಮ್ಮನ ಮಗಳಿಗೆ ಆಗತಾನೆ ಕೂಸಾಗಿತ್ತು, ಅವಳು ನಾಲ್ಕು ಒಯ್ದಳು. ನಾನೂ ಒಂದು ಒಯ್ದೆ. ರಾಧಾಬಾಯಿ ತಡೆಯುತ್ತಾರೆ ಅಂದುಕೊಂಡು ಅವರ ಕಡೆ ನೋಡಿದೆ. ಅವರು ಚೊಂಬಿನಿಂದ ನೀರು ಕುಡಿಯುತ್ತಿದ್ದರು. ಸಂಜೆಗೆ ಅವರ ದೊಡ್ಡ ಮೇಜೂ ಗೋಡೌನಿಗೆ ಹೋಯಿತು. ಅವರನ್ನು ಟಪಾಲು ವಿಭಾಗಕ್ಕೆ ಹಾಕಿದರು.

ಮೂವತ್ತೊಂದನೇ ದಿನ ಅವರು ಎಂದಿಗಿಂತ ಅರ್ಧ ಗಂಟೆ ಮೊದಲೇ ಬಂದಿದ್ದರು. ಟಪಾಲು ಮುಂದಿಟ್ಟುಕೊಂಡು, ಕುರ್ಚಿಯನ್ನು ವೇದಾಂತನ ಕೋಣೆಗೆ ಎದುರಾಗಿ ತಿರುಗಿಸಿಕೊಂಡರು. ಆತ ಯಂತ್ರ ತೆರೆದ. ಅವಧಿ ಮುಗಿದಿದೆ, ಪರವಾನಗಿ ಸಂಖ್ಯೆ ಕೊಡಿ ಎಂದು ಬಂತು. ಒತ್ತಿದ, ಮತ್ತೆ ಅದೇ ಬಂತು. ಯಾರೋ ಫೋನಿನಲ್ಲಿ ಹೇಳಿದರೆಂದು ಕಂಪ್ಯೂಟರಿನ ತಾರೀಖನ್ನು ಒಂದು ತಿಂಗಳು ಹಿಂದಕ್ಕೆ ತಿರುಗಿಸಿದ. ಒಂದು ಸಲ ತೆರೆಯಿತು, ಮುಚ್ಚಿತು. ಆಮೇಲೆ ಒಳಗಿದ್ದ ನಕ್ಷೆಗಳೇ ತೆರೆಯದಾದವು. ಮಧ್ಯಾಹ್ನದ ಹೊತ್ತಿಗೆ ಆತ ಶರಟಿನ ತೋಳಿನಿಂದ ಬೆವರು ಒರೆಸಿಕೊಳ್ಳುತ್ತ ಅವರ ಮುಂದೆ ಬಂದು ನಿಂತ. ಇದು ಮುಗಿಯುತ್ತದೆಂದು ನಿಮಗೆ ಗೊತ್ತಿತ್ತಾ ಎಂದು ಕೇಳಿದ.

"ದಿನಾ ನಿಮ್ಮ ಮುಂದನ ಬರೆದು ಬರ್ತಿತ್ತಲ್ರಿ," ಎಂದರು ರಾಧಾಬಾಯಿ. "ನಿಮಗ ಓದಾಕ ಬರೂದಿಲ್ಲ ಅಂತ ನನಗ ಗೊತ್ತಿದ್ದಿಲ್ಲ."

ಇಷ್ಟು ಹೇಳಲಿಕ್ಕೇ ಅವರು ಒಂದು ತಿಂಗಳು ಕಾದಿದ್ದರು. ಹೇಳಿಯಾಯಿತು. ಇನ್ನು ಧಣಿ ಕೂಗಾಡಬೇಕು, ವೇದಾಂತ್ ತಲೆ ತಗ್ಗಿಸಬೇಕು, ಮೇಜು ಗೋಡೌನಿನಿಂದ ವಾಪಸು ಬರಬೇಕು.

ಧಣಿ ಕೂಗಾಡಲಿಲ್ಲ. ಸಂಜೆ ಬಂದು ಎಲ್ಲ ಕೇಳಿಕೊಂಡು, ಹಳೆಯದು ಒಂದೂ ಉಳಿದಿಲ್ಲವೇ ಎಂದು ಎರಡು ಸಲ ವಿಚಾರಿಸಿ, ಉಳಿದಿಲ್ಲ ಎಂದಾಗ ಕುರ್ಚಿಗೆ ಒರಗಿ ಕೂತರು. ಆ ಹೊತ್ತಿಗೆ ಉಚ್ಚೆಂಗಪ್ಪ ಮೇಲಿನವರಿಗೆ ಅರ್ಜಿ ಹಾಕಿದ್ದರಿಂದ, ಹತ್ತು ದಿನದಲ್ಲಿ ಎರಡೂ ಕಡೆಯವರೆದುರು ಜಂಟಿ ಸರ್ವೆ ಎಂದು ನೋಟೀಸು ಬಂದಿತ್ತು. ರಾಧಾಬಾಯಿಯನ್ನು ಒಳಗೆ ಕರೆಸಿದರು. ಬಾಗಿಲು ತೆರೆದೇ ಇತ್ತು, ನನಗೆ ಕೇಳಿಸಿತು.

"ಅಮ್ಮಾರೆ, ಹೊಸಾ ನಕ್ಷಿ ಬರೀರಿ. ಬಡಗಣ ಗೆರಿ ಆ ಬಾವಿ ತನಕ ಹೋಗ್ಲಿ. ಹಳೇದಂತೂ ಇಲ್ಲ, ಯಾರು ಕೇಳ್ತಾರ?"

ಬಾವಿ ಇದ್ದದ್ದು ಉಚ್ಚೆಂಗಪ್ಪನ ಹೊಲದ ನಟ್ಟನಡುವೆ. ರಾಧಾಬಾಯಿ ಹೊರಬಂದರು. ಹುಡುಗನೊಬ್ಬನಿಗೆ ಬುದ್ಧಿ ಕಲಿಸಲು ಸುಮ್ಮನಿದ್ದದ್ದು ಯಾರಿಗೆ ಉಪಕಾರವಾಯಿತೆಂದು ಅವರಿಗೆ ಆಗ ಹೊಳೆದಿರಬೇಕು. ನನ್ನ ಹತ್ತಿರ ಬಂದು, ನೀನು ಒಯ್ದ ಬಟ್ಟೆ ಎಲ್ಲಿ ಎಂದು ಕೇಳಿದರು. ನಮ್ಮವ್ವ ಅದನ್ನು ಒಗೆದು ದೇವರ ಪೆಟ್ಟಿಗೆಗೆ ಹೊದಿಸಿದ್ದಳು. ಅಲ್ಲಿಂದ ನೇರ ಗಾಳೆಮ್ಮನ ಮನೆಗೆ ಹೋದರಂತೆ. ತಂತಿಯ ಮೇಲೆ ಕೂಸಿನ ಅಂಗಿಗಳು ಒಣಗುತ್ತಿದ್ದವು. ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರಂತೆ. ಗಾಳೆಮ್ಮ ಮರುದಿನ ನನಗೆ ಹೇಳಿದಳು: "ಕೂಸಿನ ಮೈಯಾಗಿಂದೂ ಬಿಚ್ಚಿಸಿ ನೋಡಿದ್ಲು. ಏನಿತ್ತು ಅದರಾಗ, ಬಂಗಾರಾ?"

ಐದು ದಿನ ರಜೆ ಬರೆದುಕೊಟ್ಟು ಅವರು ಕಂಪ್ಲಿ ಬಸ್ಸು ಹತ್ತಿದರು. ಹಾಲಸ್ವಾಮಿಗೆ ತಮ್ಮ ಅಳತೆಗಳನ್ನೆಲ್ಲ ಸ್ವಂತ ನೋಟುಬುಕ್ಕಿನಲ್ಲಿ ಇನ್ನೊಂದು ಸಲ ಬರೆದಿಡುವ ಅಭ್ಯಾಸವಿತ್ತು. ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಹಾಲಸ್ವಾಮಿಯವರೇ ಹೇಳಿದ್ದು. ರಾಧಾಬಾಯಿ ಯಾವುದನ್ನೂ ಮುಚ್ಚಿಡಲಿಲ್ಲವಂತೆ. ದಿನ ಎಣಿಸಿದ್ದು, ರೈತ ಬಂದಾಗ ಸುಮ್ಮನಿದ್ದದ್ದು, ಬಟ್ಟೆ ಹಂಚುವಾಗ ನೀರು ಕುಡಿದದ್ದು, ಎಲ್ಲ ಹೇಳಿದರಂತೆ.

"ಆ ನಕ್ಷಿ ನಿಮ್ಮೊಬ್ರದಲ್ಲ ರಾಧಾಬಾಯೋರೆ," ಎಂದರಂತೆ ಹಾಲಸ್ವಾಮಿ. "ಇಪ್ಪತ್ತು ವರ್ಷ ಆ ಗುಡ್ಡದಾಗ ಬಿಸಿಲಿಗೆ ನಿಂತು ಅಳೆದಾಂವ ನಾನು. ನಿಮ್ಮ ಸಿಟ್ಟಿಗೆ ಅದನ್ನ ಕೂಸಿನ ಅಂಗಿ ಮಾಡಿಸಿಬಿಟ್ರಿ."

ನೋಟುಬುಕ್ಕು ಮನೆಯಿಂದ ಹೊರಗೆ ಹೋಗುವುದಿಲ್ಲ, ಬರೆಯುವುದಾದರೆ ಇಲ್ಲೇ ಕೂತು ಬರೆಯಿರಿ ಎಂದರು. ಹಾಗೆ ನಾಲ್ಕು ದಿನ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವುದು. ಪಡಸಾಲೆಯಲ್ಲಿ ಹಲಗೆ ಹಾಕಿ, ಬಡಗಣ ಎಲ್ಲೆಯಷ್ಟಕ್ಕೆ ಅವರು ಅಂಕಿ ಓದುವುದು, ಇವರು ಗೆರೆ ಎಳೆಯುವುದು. ಅಂಕಿ ಬಿಟ್ಟರೆ ಬೇರೆ ಮಾತಿಲ್ಲ. ಹಾಲಸ್ವಾಮಿಯವರ ಹೆಂಡತಿ ಗಂಗಾಂಬಿಕಾ ದಿನವೂ ಊಟಕ್ಕೆ ಏಳಿರೆಂದು ಕರೆದರು. ರಾಧಾಬಾಯಿ ದಿನವೂ ಚೊಂಬಿನ ನೀರು ಕುಡಿದು, ತಂದ ಅವಲಕ್ಕಿ ತಿಂದರು. ನಾಲ್ಕನೇ ದಿನ ಗಂಗಾಂಬಿಕಾ ಕರೆಯಲಿಲ್ಲ.

ಜಂಟಿ ಸರ್ವೆಯ ದಿನ ವಡ್ಡು ಕಡೆಯ ಆ ಹೊಲದ ಬದುವಿನಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ವೇದಾಂತ್ ಬಳ್ಳಾರಿಯಲ್ಲಿ ಯಾರಿಂದಲೋ ಬರೆಸಿದ ನಕ್ಷೆ ಹಿಡಿದಿದ್ದ; ಅದರಲ್ಲಿ ಗೆರೆ ಬಾವಿಯ ತನಕ ಹೋಗಿತ್ತು. ಕಾಗದ ಹಿಡಿಯಲು ನನ್ನನ್ನು ಕರೆತಂದಿದ್ದ. ಸರ್ವೆ ಅಧಿಕಾರಿ ಅದನ್ನು ಬಿಡಿಸುವಷ್ಟರಲ್ಲಿ ರಾಧಾಬಾಯಿ ಮತ್ತು ಹಾಲಸ್ವಾಮಿ, ಇಬ್ಬರ ನಡುವೆ ಹತ್ತು ಮಾರು ದೂರ ಬಿಟ್ಟುಕೊಂಡು ನಡೆದುಬಂದರು. ವೇದಾಂತ್ ಅಡ್ಡ ಹೋಗಿ, ಈಕೆ ಟಪಾಲಿನವಳು, ಇವಳ ಮಾತು ಕಂಪನಿಯ ಮಾತಲ್ಲ ಎಂದ.

ರಾಧಾಬಾಯಿ ಆತನನ್ನು ದಾಟಿ ಅಧಿಕಾರಿಯ ಮುಂದೆ ನಕ್ಷೆ ಹಾಸಿದರು. "ಹದಿನಾರು ವರ್ಷ ಈ ಗಣಿ ನಕ್ಷಿ ಬರೆದಾಕಿ ನಾನಾ ಇದ್ದೀನ್ರಿ. ಇದು ಅಳತಿ ಪ್ರಕಾರ ಅದ. ಅವರ ಕೈಯಾಗಿಂದು ಇಲ್ಲ. ಕಲ್ಲು ಹುಡುಕಿಸ್ರಿ."

ಹುಡುಕಿಸಿದರು. ನೋಟುಬುಕ್ಕು ಹೇಳಿದ ಜಾಗದಲ್ಲಿ ಅಗೆದರೆ ಮೂರು ಗಡಿಕಲ್ಲು ಸಿಕ್ಕವು. ನಾಲ್ಕನೆಯದು ಇರಬೇಕಾದಲ್ಲಿ ಆಳದ ಗುಂಡಿಯಿತ್ತು. ಅಧಿಕಾರಿ ಎರಡೂ ನಕ್ಷೆ ತೆಗೆದುಕೊಂಡು, ತೀರ್ಮಾನವಾಗುವ ತನಕ ಆ ಬದಿಯಲ್ಲಿ ಯಂತ್ರ ಹಾಕುವಂತಿಲ್ಲ ಎಂದು ಬರೆದ. ಆ ತೀರ್ಮಾನಕ್ಕೆ ಒಂದೂವರೆ ವರ್ಷ ಹಿಡಿಯಿತು. ಗೆರೆ ಮಾತ್ರ ರಾಧಾಬಾಯಿ ಎಳೆದಲ್ಲೇ ನಿಂತಿತು.

ಜನ ಚದುರುವಾಗ ಉಚ್ಚೆಂಗಪ್ಪ ಅವರ ಹತ್ತಿರ ಬಂದ. ಕೈ ಮುಗಿಯುತ್ತಾನೆ ಅಂದುಕೊಂಡೆ. ಹಾಲಸ್ವಾಮಿ ಆತನಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದರು.

"ನಾ ಆಪೀಸಿಗೆ ಬಂದಾಗ ನಕ್ಷಿ ನಿಮ್ಮ ಬೆನ್ನ ಹಿಂದ ಇತ್ತಂತಲ್ಲಮ್ಮ. ಅವತ್ತ ಒಂದು ಮಾತು ಅಂದಿದ್ರ ಒಂದೆಕರೆ ಉಳೀತಿತ್ತು. ಆ ತಿಂಗಳಾಗ ತಿಂದ್ರು ಅದನ್ನ."

"ಹೌದು," ಎಂದರು ರಾಧಾಬಾಯಿ. "ಉಳೀತಿತ್ತು."

ಆತ ಕಾಲ ಬಳಿ ಉಗುಳಿ ನಡೆದ. ಅವರು ಕದಲಲಿಲ್ಲ.

ಅಂದು ಮಧ್ಯಾಹ್ನವೇ ಅವರನ್ನು ಕೆಲಸದಿಂದ ತೆಗೆದ ಪತ್ರವನ್ನು ನಾನೇ ಟೈಪು ಮಾಡಿದೆ. ಅವರು ಅದನ್ನು ನಿಂತೇ ಓದಿ, ಒಂದು ಅಕ್ಷರ ತಪ್ಪಿದೆ ಎಂದು ತೋರಿಸಿ, ತಿದ್ದಿಸಿಕೊಂಡು ಹೋದರು. ವೇದಾಂತ್ ಅಲ್ಲೇ ಉಳಿದ. ಮರುವರ್ಷ ಕಂಪನಿ ಒಂದು ಸಾಫ್ಟ್‌ವೇರ್ ಕೊಂಡಿತು, ಅದು ಚೆನ್ನಾಗಿಯೇ ನಡೆಯಿತು.

ರಾಧಾಬಾಯಿ ಮನೆಯಲ್ಲೇ ಒಂದು ಮೇಜು ಹಾಕಿ, ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡತೊಡಗಿದರು. ಬಂದವರನ್ನು ಬೈಯುತ್ತಿದ್ದರು, ಆದರೂ ಜನ ಬರುತ್ತಿದ್ದರು. ಹಾಲಸ್ವಾಮಿ ಮತ್ತೆ ಅವರೊಂದಿಗೆ ಮಾತಾಡಲಿಲ್ಲ.

ನಾಲ್ಕು ವರ್ಷದ ಮೇಲೆ ಉಚ್ಚೆಂಗಪ್ಪನ ಮಕ್ಕಳು ಬೇರೆಯಾದರು. ಉಳಿದ ಹೊಲ ಪಾಲು ಮಾಡಲು ಆತ ಬೇರೆ ಯಾರನ್ನೂ ಒಪ್ಪದೆ ರಾಧಾಬಾಯಿಗೇ ಹೇಳಿಕಳಿಸಿದ. ಐವತ್ತು ದಾಟಿದ ಹೆಂಗಸು, ಸೆರಗು ಸಿಕ್ಕಿಸಿಕೊಂಡು ಗುಂಡಿಯ ಅಂಚಿನಿಂದ ಬಾವಿಯವರೆಗೆ ಟೇಪು ಹಿಡಿದು ಅಳೆದರು. ಮುಗಿದ ಮೇಲೆ ಆತ ಇನ್ನೊಂದು ಸಲ ಅಳೆಯಿರಿ ಎಂದ. ಅಳೆದರು. ನಿಮ್ಮ ಮೇಲೆ ನಂಬಿಕೆ ಇಲ್ಲ, ಮತ್ತೊಂದು ಸಲ ಎಂದ. ರಾಧಾಬಾಯಿ ಟೇಪು ಸುತ್ತಿಕೊಂಡು, ಬಿಸಿಲಿನಲ್ಲಿ ಮತ್ತೆ ಗುಂಡಿಯ ಅಂಚಿಗೆ ನಡೆದರು.