ಓರಗಿತ್ತಿಯ ಬಿಸಿಲು

ನನ್ನ ಮೈದುನನ ಹೆಂಡತಿ ಫಿನ್ಲೆಂಡ್ ದೇಶದವಳು. ರಾಮನಗರದ ಬಂಡೆ ಹತ್ತಲು ಬಂದಿದ್ದಳು. ಹೊರಗಿನಿಂದ ಬಂದವರಿಗೆ ಹಗ್ಗ ಕಟ್ಟಿ ಬಂಡೆ ಹತ್ತಿಸುವುದು ನನ್ನ ಮೈದುನನ ಕೆಲಸ. ಎರಡನೇ ಸಲ ಬಂದಾಗ ಅವನನ್ನೇ ಮದುವೆಯಾದಳು. ಕೆಂಗಲ್ ಆಂಜನೇಯನ ಎದುರು ತಾಳಿ ಕಟ್ಟಿಸಿಕೊಂಡು, ಮಾಗಡಿ ರಸ್ತೆಯ ನಮ್ಮೂರಿಗೆ ಸಂಸಾರ ಮಾಡಲು ಬಂದಳು. ಬೆನ್ನಿಗೆ ಹಾಕುವ ಒಂದು ದೊಡ್ಡ ಚೀಲ, ಒಂದು ಜೊತೆ ಬೂಟು, ಬಿಸಿಲಿಗೆ ಮೈಗೆ ಹಚ್ಚುವ ನಾಲ್ಕೈದು ಟ್ಯೂಬು. ಅವಳ ಸಾಮಾನು ಅಷ್ಟೇ.

ನಾವು ಬಿಸಿಲನ್ನು ಕಂಡರೆ ಸೆರಗು ತಲೆ ಮೇಲೆ ಎಳೆದುಕೊಳ್ಳುವವರು. ಅವಳು ಚಾಪೆ ಎಳೆದುಕೊಂಡು ಬಿಸಿಲಿನ ಹಿಂದೆ ಹೋಗುತ್ತಿದ್ದಳು. ಬೆಳಿಗ್ಗೆ ಜಗಲಿ, ಹತ್ತು ಗಂಟೆಗೆ ಕಣ, ಸಂಜೆ ತಾರಸಿ. ಊಟದ ತಟ್ಟೆಯನ್ನೂ ಹೊರಗೆ ತರುತ್ತಿದ್ದಳು. ಬಟ್ಟೆ ಒಗೆಯುವಾಗ, ಸೊಪ್ಪು ಬಿಡಿಸುವಾಗ ತಲೆಗೆ ಒಂದು ಟೋಪಿ ಬಿಟ್ಟರೆ ಬೇರೆ ನೆರಳೇ ಇಲ್ಲ. ನಮ್ಮ ಭಾಷೆ ಕಲಿತ ಮೇಲೆ ಒಂದು ದಿನ ನನಗೆ ಹೇಳಿದಳು, "ಅಕ್ಕ, ಇಲ್ಲಿ ದಿನಾ ಬೆಳಿಗ್ಗೆ ಎದ್ರೆ ಬಿಸಿಲು ಇರುತ್ತೆ. ನನಗೆ ಇನ್ನೂ ನಂಬಿಕೆ ಬರಲ್ಲ." ಅಷ್ಟಕ್ಕೇ ಅವಳ ಕಣ್ಣಲ್ಲಿ ನೀರು. ನನಗೆ ನಗು ಬಂತು.

ನಗುವವಳು ನಾನೊಬ್ಬಳೇ ಆಗಿರಲಿಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ನನ್ನ ಅತ್ತೆಯನ್ನು ಕೇಳುವರು, "ಏನಕ್ಕಯ್ಯ, ಬಿಳೀ ಸೊಸೆನ ಸಂಡಿಗೆ ಒಣಾಕ್ದಂಗೆ ಒಣಾಕ್ಬುಟ್ಟಿದ್ದೀಯ? ಒಸಿ ಮಗ್ಗುಲು ತಿರುವಾಕು, ಆ ಕಡೆ ಅಂಗೇ ಐತೆ."

"ಕಾಗೆನೂ ಮುಟ್ಟಾಕಿಲ್ಲ ಬುಡು," ಅನ್ನುವರು ಅತ್ತೆ.

ಅವಳಿಗೆ ಅರ್ಥವಾಗದಿದ್ದರೂ ನಮ್ಮ ಜೊತೆ ನಗುತ್ತಿದ್ದಳು. ಆಮೇಲೆ ಅರ್ಥವಾಗತೊಡಗಿತು. ಆಗಲೂ ನಗುತ್ತಿದ್ದಳು. ಅದನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ. ಅವತ್ತು ಆಗಲಿಲ್ಲ.

ಅತ್ತೆ ಮದುವೆಗೆ ಒಪ್ಪಿದ್ದು ಒಂದೇ ಮಾತಿನ ಮೇಲೆ. "ಒಂದು ವರ್ಷ ನೋಡ್ತೀನಿ ಕಣ್ಲಾ. ಒಂದ್ಕಂಡ್ರೆ ಮೇಲ್ಗಡೆ ನಿಂಗೆ ಎರಡು ರೂಮು ಎತ್ತುಸ್ತೀನಿ. ಇಲ್ಲಾಂದ್ರೆ ನಿಮ್ದಾರಿ ನಿಮ್ಗೆ." ಹೊಂದಿಕೊಳ್ಳುವುದು ಅಂದರೆ ಏನು ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಒಂದೇ ಅಳತೆ: ಹುಳುವಿನ ಮನೆ.

ನಾವು ರೇಷ್ಮೆ ಸಾಕುವವರು. ಹುಳು ಸಾಕಲು ಹಿತ್ತಿಲಲ್ಲಿ ಬೇರೆ ಕಟ್ಟಡವೇ ಇದೆ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈಕಾಲು ತೊಳೆದು ಒಳಗೆ ಹೋಗಬೇಕು. ಮುಡಿಯಲ್ಲಿ ಹೂವು, ಮುಖಕ್ಕೆ ಪೌಡರು, ಬಾಯಲ್ಲಿ ಹೊಗೆಸೊಪ್ಪು, ಯಾವುದೂ ಆಗದು. ಹುಳು ವಾಸನೆಗೇ ಸಾಯುತ್ತದೆ. ಹೊಸ ಸೊಸೆಯನ್ನು ತಕ್ಷಣ ಒಳಗೆ ಬಿಡುವುದಿಲ್ಲ. ಅತ್ತೆ ಕರೆದು ಕೈಗೆ ಹಿಪ್ಪುನೇರಳೆ ಸೊಪ್ಪು ಕೊಟ್ಟ ದಿನವೇ ಅವಳು ಮನೆಯವಳು. ಚನ್ನಪಟ್ಟಣದ ಕಡೆಯಿಂದ ಬಂದ ನಾನು ಒಂದೂವರೆ ವರ್ಷ ಬಾಗಿಲ ಹೊರಗೆ ಸೊಪ್ಪು ಕತ್ತರಿಸಿದ್ದೆ. ಓರಗಿತ್ತಿಗೆ ಹನ್ನೊಂದನೇ ತಿಂಗಳಿಗೇ ಕರೆ ಬಂತು. ಅದು ನನಗೆ ಚುಚ್ಚಿತು ಅನ್ನುವುದನ್ನೂ ಬರೆದುಬಿಡುತ್ತೇನೆ.

ಅವತ್ತು ಹುಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಕಾಲ. ನಾಲ್ಕನೆಯದು ಮುಗಿಸಿ ಎದ್ದರೆ ವಾರದಲ್ಲಿ ಗೂಡು ಕಟ್ಟುತ್ತವೆ. ಹಸಿದು ಎದ್ದಿರುತ್ತವೆ, ಸೊಪ್ಪು ಸುರಿಯುತ್ತಲೇ ಇರಬೇಕು. ಕೂಲಿ ಹೆಂಗಸರೆಲ್ಲ ಕನಕಪುರದ ಕಡೆ ಯಾವುದೋ ಮದುವೆಗೆ ಹೋಗಿದ್ದರು. ಅತ್ತೆ, "ಅವ್ಳನ್ನೂ ಕರಿ," ಅಂದರು. ಅವಳು ನಲ್ಲಿಯ ಹತ್ತಿರ ಕೂತು ಸೋಪು ಹಚ್ಚಿ ಮೂರು ಸಲ ಕೈ ತೋಳು ಕುತ್ತಿಗೆ ತಿಕ್ಕಿ ತೊಳೆದಳು. ನಾನು ಅಲ್ಲೇ ನಿಂತು ನೋಡಿದೆ. ಟ್ಯೂಬಿನ ವಾಸನೆ ಒಂದಿಷ್ಟೂ ಇರಲಿಲ್ಲ. ಒಳಗೆ ಹೋಗಿ ನಮ್ಮ ಜೊತೆ ಬೆಳಗಿನ ಸೊಪ್ಪು ಹಾಕಿ ಬಂದಳು.

ಆ ದಿನ ಹುಳುವಿನ ಮನೆಗೆ ಪೂಜೆ ಮಾಡುವುದು ನನ್ನ ಪಾಲಿನ ಕೆಲಸ. ಬಾಗಿಲಿಗೆ ಅರಿಶಿನ ಕುಂಕುಮ, ಒಂದು ಬಾಳೆಹಣ್ಣು, ಹೊರಗಡೆ ಎರಡು ಊದುಕಡ್ಡಿ. ದೇವರ ಗೂಡಿನಲ್ಲಿ ಕಡ್ಡಿ ಮುಗಿದಿತ್ತು. ಅಂಗಡಿಗೆ ಹೋಗುವಷ್ಟು ಹೊತ್ತಿರಲಿಲ್ಲ. ಮಂಚದ ಕೆಳಗೆ ಸೊಳ್ಳೆ ಓಡಿಸುವ ಊದುಕಡ್ಡಿ ಇತ್ತು, ಅದೂ ಕಡ್ಡಿಯೇ, ಗಂಧದ ವಾಸನೆಯೂ ಇತ್ತು. ದೇವರು ಮನಸ್ಸು ನೋಡುತ್ತಾನೆ ಅಂದುಕೊಂಡು ಎರಡು ಹಚ್ಚಿದೆ. ಹೊರಗೆ ಗಾಳಿಗೆ ಆರಿಹೋಗುತ್ತಿತ್ತು. ಒಳಗೆ ಕಿಟಕಿಯ ಮೂಲೆಯಲ್ಲಿ ಸಿಕ್ಕಿಸಿ, ಕೈಮುಗಿದು, ಈ ಸಲ ಬೆಳೆ ಚೆನ್ನಾಗಿ ಬರಲಪ್ಪ ಎಂದು ಬೇಡಿಕೊಂಡೆ. ಬಾಗಿಲು ಎಳೆದುಕೊಂಡು ಅಡುಗೆಗೆ ಹೋದೆ.

ಮಧ್ಯಾಹ್ನದ ಸೊಪ್ಪಿಗೆ ಹೋದಾಗ ಹುಳು ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ಸೊಪ್ಪು ಹಾಗೇ ಇತ್ತು. ಸಂಜೆಯ ಹೊತ್ತಿಗೆ ಮೇವು ಹಾಕಿದ್ದ ಸ್ಟ್ಯಾಂಡಿನಿಂದ ಉದುರಿ ನೆಲದ ಮೇಲೆ ಮುದುಡಿ ಬಿದ್ದವು. ಇಡೀ ಬೆಳೆ ಹೋಯಿತು.

ಪಕ್ಕದ ಮನೆಯಾಕೆಯ ಗಂಡ ಬಂದು ನೋಡಿ, "ಇದು ರೋಗ ಅಲ್ಲ ಕಣವ್ವ. ಏನೋ ವಿಷ ತಗಲೈತೆ. ಯಾರು ಬಂದಿದ್ರು ಒಳಿಕ್ಕೆ?" ಅಂದರು.

ಎಲ್ಲರೂ ಅವಳ ಕಡೆ ತಿರುಗಿದರು.

ನಾನು ಕಿಟಕಿಯ ಕಡೆ ನೋಡಿದೆ. ಎರಡು ಮೋಟು ಕಡ್ಡಿ, ಕೆಳಗೆ ಬೂದಿ. ಗುಡಿಸುವ ನೆಪದಲ್ಲಿ ಅವನ್ನು ಸತ್ತ ಹುಳುವಿನ ಜೊತೆ ಸೇರಿಸಿ ಗುಂಡಿಗೆ ಹಾಕಿದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅದನ್ನು ದೇವರ ದಯೆ ಎಂದು ನಾನು ಅವತ್ತು ಎಣಿಸಿದೆ.

"ಮೈಗೆ ಅದೇನು ಬಳ್ಕತಿಯೋ ಅದು ನಮ್ಮುಳನ ತಿಂದ್ಕತ್ತು," ಅಂದರು ಅತ್ತೆ.

"ನಾನು ತೊಳೆದೆ ಅತ್ತೆ. ಅಕ್ಕ ನೋಡಿದ್ರು."

ಅತ್ತೆ ನನ್ನ ಮುಖ ನೋಡಿದರು. ನಾನು, "ತೊಳೆದ್ಲು. ಆದ್ರೆ ಎಷ್ಟು ಹೋಯ್ತೋ ಏನೋ," ಅಂದೆ.

ಇಷ್ಟೇ ನನ್ನ ಬಾಯಿಂದ ಬಂದ ಮಾತು. ಅವಳು ತನ್ನ ತೋಳನ್ನು ಮೂಗಿಗೆ ಹಿಡಿದು ಮೂಸಿ ನೋಡಿಕೊಂಡಳು. ಆಮೇಲೆ ಅತ್ತೆಯ ಕಾಲಿಗೆ ಬಿದ್ದು ತಪ್ಪಾಯಿತು ಅಂದಳು. ತಾನೇ ಮಾಡಿದ್ದು ಎಂದು ಅವಳು ನಂಬಿಬಿಟ್ಟಿದ್ದಳು.

ಅತ್ತೆ ಮನೆ ಬಿಟ್ಟು ಹೋಗು ಎನ್ನಲಿಲ್ಲ. ತೋಟದ ಪಂಪ್‌ಹೌಸ್ ತೋರಿಸಿದರು. ಒಂದೇ ಕೋಣೆ, ಮೇಲೆ ಶೀಟು, ಒಳಗೆ ಮೋಟಾರು. "ಬಿಸ್ಲು ಬೇಕು ಅಂತ ತಾನೇ ಅಷ್ಟು ದೂರದಿಂದ ಬಂದ್ಲು? ಇರ್ಲಿ, ಬಿಸ್ಲಲ್ಲೇ ಇರ್ಲಿ." ಮೈದುನ ಕೂಗಾಡಿದ. ಅವಳೇ ಅವನ ಕೈ ಹಿಡಿದು ಕರೆದುಕೊಂಡು ಹೋದಳು.

ಶೀಟಿನ ಕೆಳಗೆ ಹಗಲು ಇರಲು ಆಗದು. ಹಾಗಾಗಿ ಅವಳ ಬದುಕೆಲ್ಲ ಹೊರಗೇ ಆಯಿತು. ಮೂರು ಕಲ್ಲಿನ ಒಲೆ, ಹೊಂಗೆ ಮರದ ನೆರಳು, ತೊಟ್ಟಿಯಲ್ಲಿ ಸ್ನಾನ. ಎರಡು ಮರದ ನಡುವೆ ಬಂಡೆ ಹತ್ತುವ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಳು. ಟೊಮೆಟೊ ಹಾಕಿದಳು, ಕೋಳಿ ಸಾಕಿದಳು. ತನ್ನ ತಾಯಿಗೆ ವಿಡಿಯೋದಲ್ಲಿ ಅದನ್ನೆಲ್ಲ ತೋರಿಸಿ ನಗುತ್ತಿದ್ದಳು. ನೋಡಿದವರಿಗೆ ಯಾವುದೋ ರೆಸಾರ್ಟಿನಲ್ಲಿ ಇದ್ದಾಳೆ ಅನಿಸಬೇಕು.

ಒಂದೇ ಬದಲಾವಣೆ, ಟ್ಯೂಬು ಹಚ್ಚುವುದನ್ನು ನಿಲ್ಲಿಸಿದಳು. ಉಳಿದಿದ್ದವನ್ನು ಹಳ್ಳಕ್ಕೆ ಎಸೆದಳು. ನಾನು ಊಟ ತೆಗೆದುಕೊಂಡು ಹೋದ ಒಂದು ದಿನ ಅವಳ ಭುಜ ಬೆಂಕಿಯಲ್ಲಿ ಸುಟ್ಟ ಹಾಗಿತ್ತು. ಬೊಬ್ಬೆ ಎದ್ದು ಚರ್ಮ ಸುಲಿಯುತ್ತಿತ್ತು.

"ಹಚ್ಕೋಬಾರ್ದಾ?" ಅಂದೆ.

"ಬೇಡ ಅಕ್ಕ. ಮೈಯಲ್ಲಿ ವಾಸನೆ ಪೂರ್ತಿ ಹೋಗ್ಬೇಕು. ಆಮೇಲೆ ಅತ್ತೆ ಒಳಗೆ ಕರೀತಾರೆ."

ನಾನು ಲೋಳೆಸರ ಸಿಗಿದು ಅವಳ ಭುಜಕ್ಕೆ ಹಚ್ಚಿದೆ. ನೋವಿಗೆ ಹಲ್ಲು ಕಚ್ಚಿ, "ನಿಮ್ಮ ಕೈ ತಣ್ಣಗೆ ಇದೆ," ಅಂದಳು. ಹೇಳಿಬಿಡಲು ಅದೇ ಹೊತ್ತು. ನಾನು ಪಾತ್ರೆ ಎತ್ತಿಕೊಂಡು ಮನೆಗೆ ಬಂದೆ. ಆಮೇಲಾಮೇಲೆ ದಿನಾ ಲೋಳೆಸರ ಹಚ್ಚುವುದು ಒಂದು ಪುಣ್ಯದ ಕೆಲಸ ಎನ್ನುವಂತೆ ಮಾಡುತ್ತಾ ಹೋದೆ.

ಕೊನೆಗೆ ಅತ್ತೆಗೆ ಹೇಳಿದೆ. ಶ್ರಾವಣದ ಶನಿವಾರ, ಕೆಂಗಲ್‌ಗೆ ಹೋಗಿ ಬಂದಿದ್ದೆವು. ದೇವರೆದುರು ಕಣ್ಣು ಮುಚ್ಚಲು ನನಗೆ ಆಗಿರಲಿಲ್ಲ. ಅತ್ತೆ ಜಗಲಿಯಲ್ಲಿ ರಾಗಿ ಹಸನು ಮಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ನಂಗೊತ್ತು ಕಣಮ್ಮಿ. ಒಳಿಕ್ಕೋದಾಗ್ಲೇ ಸೊಳ್ಳೆಕಡ್ಡಿ ವಾಸ್ನೆ ಮೂಗಿಗೆ ಬಡೀತು. ನಲ್ವತ್ತು ವರ್ಸ ಉಳ ಸಾಕಿವ್ನಿ, ತಿಳಿಯಕಿಲ್ವಾ?"

"ಮತ್ತೆ ಅವಳನ್ನ ಯಾಕೆ ಕಳ್ಸಿದ್ರಿ ಅತ್ತೆ?"

"ತಪ್ಪು ಒಬ್ರ ಮೇಲೆ ಓಗ್ಬೇಕಿತ್ತು. ನಿಂಗೆ ಎರಡು ಮಕ್ಳವೆ, ನೀನು ಇಲ್ಲೇ ಬೇಕಾದವಳು. ಅವ್ಳು ಎಂಗಿದ್ರೂ ಒಂದಿನ ಓಗೋಳೇ. ಬಾಯ್ ಮುಚ್ಕಂಡಿರು. ಆ ಜರಡಿ ಕೊಡು ಇತ್ಲಾಗೆ."

ಜರಡಿ ಕೊಟ್ಟೆ. ನನ್ನ ಜಾಗ ಗಟ್ಟಿಯಾಗಿದೆ ಅನ್ನುವುದು ಅವತ್ತು ಗೊತ್ತಾಯಿತು. ಸಮಾಧಾನವಾಯಿತು. ಸುಳ್ಳು ಬರೆದು ಏನು ಪ್ರಯೋಜನ?

ಎರಡನೇ ಬೇಸಿಗೆ ಕಳೆದ ಮೇಲೆ ಅವಳ ಎಡಭುಜದಲ್ಲಿ ಒಂದು ಕಪ್ಪು ಮಚ್ಚೆ ಬೆಳೆಯತೊಡಗಿತು. ಹಚ್ಚುವಾಗ ನನ್ನ ಬೆರಳಿಗೇ ಮೊದಲು ಸಿಕ್ಕಿದ್ದು. ಮೈದುನ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಕತ್ತರಿಸಿ ತೆಗೆದರು. ಚರ್ಮದ ಕ್ಯಾನ್ಸರು, ಬೇಗ ಸಿಕ್ಕಿತು, ಜೀವಕ್ಕೆ ಭಯವಿಲ್ಲ ಅಂದರಂತೆ. ಇದೊಂದು ದಯೆಯನ್ನು ಎಣಿಸುವ ಹಕ್ಕು ನನಗಿಲ್ಲ, ಆದರೂ ದೀಪ ಹಚ್ಚಿ ಎಣಿಸಿದೆ. ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. ಈ ಮೈಗೆ ಈ ಬಿಸಿಲು ಇನ್ನು ಬೇಡ. ಮನೆಯೊಳಗೆ ಇರಬೇಕು, ಇಲ್ಲವೇ ತನ್ನ ದೇಶಕ್ಕೆ ಹೋಗಬೇಕು.

ಒಳಗೆ ಇರಲು ಅವಳಿಗೆ ಮನೆ ಎಲ್ಲಿತ್ತು? ಮೈದುನ ಅತ್ತೆಯನ್ನು ಕೇಳಿದ, ಮೇಲಿನ ರೂಮು ಬೇಡ, ನಡುಮನೆಯಲ್ಲಿ ಒಂದು ಮೂಲೆ ಸಾಕು ಎಂದು. ಅತ್ತೆ, "ರೋಗದವಳ್ನ ಉಳಿನ ಮನೆ ಪಕ್ಕ ಎಂಗ್ಲಾ ಇಟ್ಕಳದು?" ಅಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಒಗ್ಗರಣೆ ಸೀಯುತ್ತದೆ ಎಂದು ಒಳಗೆ ಹೋದೆ.

ಅವಳು ಫಿನ್ಲೆಂಡಿಗೆ ಹೊರಡುವ ದಿನ ಪಂಪ್‌ಹೌಸಿಗೆ ಹೋದೆ. ಅವಳು ಉದ್ದ ತೋಳಿನ ಅಂಗಿ ಹಾಕಿ, ತಲೆಗೆ ನನ್ನದೇ ಹಳೆಯ ವೇಲು ಕಟ್ಟಿಕೊಂಡು, ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಆಗ ಹೇಳಿದೆ. ಕಡ್ಡಿ ಹಚ್ಚಿದ್ದು, ಬೂದಿ ಗುಡಿಸಿದ್ದು, ಅತ್ತೆಗೆ ಗೊತ್ತಿದ್ದದ್ದು, ಎಲ್ಲ. ಅವಳು ಕಾಳಿನ ಬಟ್ಟಲು ಕೆಳಗಿಟ್ಟಳು.

"ಎರಡು ವರ್ಷ ನನ್ನ ಭುಜ ನೋಡ್ತಾ ಇದ್ರಿ," ಅಂದಳು.

ನಾನು ಕಾಲು ಮುಟ್ಟಲು ಬಗ್ಗಿದೆ. ಅವಳು ಹಿಂದೆ ಸರಿದಳು.

"ಈಗ ಯಾಕೆ ಹೇಳಿದ್ರಿ ಅಕ್ಕ? ಇದೂ ನಿಮಗೋಸ್ಕರಾನೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಲ ಎತ್ತಿ ಬೆನ್ನಿಗೆ ಹಾಕಿಕೊಂಡಳು. ಎಡಭುಜಕ್ಕೆ ಪಟ್ಟಿ ತಾಗಿದಾಗ ಮುಖ ಕಿವಿಚಿದಳು. ಅಭ್ಯಾಸಬಲದಿಂದ ನನ್ನ ಕೈ ಮುಂದೆ ಹೋಯಿತು. "ಮುಟ್ಬೇಡಿ," ಅಂದಳು.

ಮೈದುನನೂ ಅವಳ ಜೊತೆಗೇ ಹೋದ. ಕಾರು ತಿರುವು ದಾಟಿದ ಮೇಲೆ ಅತ್ತೆ ಜಗಲಿಯಲ್ಲಿ ಕುಸಿದು ಕೂತು ಅತ್ತರು. ಪಕ್ಕದ ಮನೆಯಾಕೆ ಬಂದು ಬೆನ್ನು ಸವರುತ್ತಿದ್ದರು. "ನೋಡ್ದಾ ಅವ್ಳ ಬುದ್ಧಿಯ? ನನ್ ಮಗನ್ನೇ ಎತ್ಕಂಡೋಗ್ಬುಟ್ಳು," ಎಂದು ಅತ್ತೆ ನನ್ನ ಕಡೆ ನೋಡಿದರು.

ಅಂಥ ಮಾತಿಗೆಲ್ಲ ಹೂಂ ಅನ್ನುವುದು ಇಷ್ಟು ವರ್ಷದ ನನ್ನ ರೂಢಿ. ಅವತ್ತು ಅನ್ನಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ. ತೋಟಕ್ಕೆ ಹೋಗಿ, ಅವಳ ಕೋಳಿಗಳನ್ನು ಹಿಡಿದು ಬುಟ್ಟಿಗೆ ಮುಚ್ಚಿ, ಮನೆಗೆ ತಂದೆ.