ಖಾಲಿ ಜಾಗಕ್ಕೊಂದು ಇಟ್ಟಿಗೆ

ಬೆಳಗಿನ ಐದೂವರೆ. ಗೋದಾಮಿನ ಶಟರ್ ಅರ್ಧ ಮಾತ್ರ ಮೇಲೇಳುತ್ತದೆ, ಇನ್ನರ್ಧವನ್ನು ತುಕ್ಕು ಹಿಡಿದುಕೊಂಡಿದೆ. ಹಾಗಾಗಿ ಐವತ್ತೆರಡು ವರ್ಷದ ಈ ಹೆಂಗಸು ದಿನವೂ ಸೊಂಟ ಬಗ್ಗಿಸಿಯೇ ಒಳಗೆ ಹೋಗುತ್ತಾರೆ. ಒಳಗೆ ಹಳೆ ಕಾಗದದ ಘಾಟು, ಸೂರು ಮುಟ್ಟುವ ಕಬ್ಬಿಣದ ರ‍್ಯಾಕುಗಳು, ಅವುಗಳ ತುಂಬ ಬ್ಯಾಂಕೊಂದರ ಕಡತ ತುಂಬಿದ ರಟ್ಟಿನ ಪೆಟ್ಟಿಗೆಗಳು. ಒಂದಲ್ಲ ಎರಡಲ್ಲ, ಹದಿನೆಂಟು ಸಾವಿರದ ಆರುನೂರ ನಲವತ್ತು. ಏಳಕ್ಕೆ ವ್ಯಾನು ಬರುವಷ್ಟರಲ್ಲಿ ಬ್ಯಾಂಕಿನವರು ಕೇಳಿದ ಪೆಟ್ಟಿಗೆಗಳೆಲ್ಲ ಬಾಗಿಲ ಬಳಿ ಇರಬೇಕು.

ಎಲ್ಲರೂ ಇವರನ್ನು ಪೆಟ್ಟಿಗೆ ಅಕ್ಕ ಎಂದೇ ಕರೆಯುತ್ತಾರೆ. ಏಣಿ ಹತ್ತಿ ಒಂದು ಪೆಟ್ಟಿಗೆ ಎಳೆದರೆಂದರೆ, ಆ ಖಾಲಿ ಜಾಗದಲ್ಲಿ ಒಂದು ಇಟ್ಟಿಗೆ ಇಡುತ್ತಾರೆ. ಇಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ನಂಬರು. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. "ಪೆಟ್ಟಿಗೆ ಎಲ್ಲೆಲ್ಲೋ ತಿರುಗಾಡ್ಕೊಂಡು ಬರ್ಲಿ, ಅದರ ಜಾಗ ಅದಕ್ಕೇ ಇರ್ಬೇಕು. ಇಲ್ಲಾಂದ್ರೆ ಪಕ್ಕದ್ದು ಜರುಗಿ ಆರಾಮಾಗಿ ಕೂತ್ಕೊಂಡುಬಿಡುತ್ತೆ. ನಮ್ಮ ಜನರ ಥರಾನೇ" ಎಂದು ನಗುತ್ತಾರೆ.

ದಿನಕ್ಕೆ ನಲವತ್ತು ಪೆಟ್ಟಿಗೆ ಕೆಳಗೆ, ನಲವತ್ತು ಮೇಲೆ. ಏಣಿಗೆ ಹನ್ನೆರಡು ಮೆಟ್ಟಿಲು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದರೆ ಮಂಡಿ ಏನಾಗುತ್ತದೆ ಎಂದು ಬೇರೆ ಹೇಳಬೇಕೆ? ಬ್ಯಾಂಕಿನಲ್ಲಿ ಕುಳಿತು ತಮ್ಮ ಮನೆಪತ್ರ ಕೈಗೆ ಬಂತೆಂದು ಕಣ್ಣೊರೆಸಿಕೊಳ್ಳುವವರಲ್ಲಿ ಒಬ್ಬರಿಗೂ ಈ ಮಂಡಿಯ ಸುದ್ದಿ ಗೊತ್ತಿಲ್ಲ.

ಆದರೂ ಅವರು ಈ ಕೆಲಸ ಬಿಡದೆ ಹಿಡಿದುಕೊಂಡಿದ್ದಕ್ಕೆ ಕಾರಣ ಗೋದಾಮಿನ ಹಿಂದಿನ ಗಲ್ಲಿಯಲ್ಲಿದೆ. ಐದು ನಿಮಿಷದ ದಾರಿ, ಒಂದೇ ಕೋಣೆಯ ಮನೆ, ಕಿಟಕಿಯ ಪಕ್ಕ ಮಂಚ. ಗಾರೆ ಕೆಲಸದ ಗಂಡ ಎಂಟು ವರ್ಷದ ಹಿಂದೆ ಮೂರನೇ ಮಹಡಿಯಿಂದ ಬಿದ್ದರು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮಧ್ಯಾಹ್ನ ಹನ್ನೆರಡಾಯಿತೆಂದರೆ ಅಕ್ಕ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಾರೆ, ಹೊರಳಿಸಿ ಬರುತ್ತಾರೆ.

ಈ ವರ್ಷ ಹೊಸ ನಿಯಮ ಬಂತು. ಬ್ಯಾಂಕುಗಳಿಗೆ ಹೊರಗಿನಿಂದ ಕೆಲಸ ಮಾಡಿಕೊಡುವ ಸಂಸ್ಥೆಗಳೆಲ್ಲ ತಿಂಗಳಿಗೊಮ್ಮೆ ನಿಯಂತ್ರಣ ಮಂಡಳಿಗೆ ವರದಿ ಒಪ್ಪಿಸಬೇಕು, ಅದರ ಪ್ರತಿ ಬ್ಯಾಂಕಿಗೂ ಹೋಗಬೇಕು. ಏಳನೇ ಕಾಲಂ ಕೇಳುತ್ತದೆ: ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಸಿಗದೇ ಹೋದ ದಾಖಲೆಗಳೆಷ್ಟು? ಕೆಳಗೆ ದಾಖಲೆ ಕಾಯುವವರ ಸಹಿ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ಕಾಗದ ಇವರ ಸಹಿ ಕೇಳಿತ್ತು. "ಮನೇಲಿ ಹಳೇ ಕ್ಯಾಲೆಂಡರ್ ಹಿಂದೆ ಹತ್ತು ಸಲ ಬರೆದು ಅಭ್ಯಾಸ ಮಾಡ್ದೆ" ಎನ್ನುವಾಗ ಅವರಿಗೆ ನಾಚಿಕೆ.

ಎರಡನೇ ತಿಂಗಳಲ್ಲೇ ಗ್ರಹಚಾರ ವಕ್ಕರಿಸಿತು. ವ್ಯಾನಿನ ಡ್ರೈವರು ಇಳಿಜಾರಿನಲ್ಲಿ ಚಕ್ರಕ್ಕೆ ಅಡ್ಡ ಕೊಡಲು ಕೆಳಗಿನ ಸಾಲಿನಿಂದ ಒಂದು ಇಟ್ಟಿಗೆ ಎತ್ತಿಕೊಂಡು ಹೋದ. ಪಕ್ಕದ ಪೆಟ್ಟಿಗೆಗಳು ಜರುಗಿದವು, ಜಾಗ ಮುಚ್ಚಿಹೋಯಿತು. ಆ ಜಾಗದ ಪೆಟ್ಟಿಗೆ ವಾಪಸು ಬಂದಾಗ ಸರಿಯಾಗಿ ಹನ್ನೆರಡು. ಜಾಗ ಕಾಣದೆ ಅಕ್ಕ ಅದನ್ನು ನೆಲದ ಮೇಲಿಟ್ಟು ಮನೆಗೆ ಓಡಿದರು, ಬಂದವರು ಮರೆತರು. ಅದು ಚೂರು ಮಾಡಲು ಕಳಿಸುವ ಪೆಟ್ಟಿಗೆಗಳ ರಾಶಿಗೆ ಸೇರಿಕೊಂಡಿತು.

ಮರುದಿನ ಬೆಳಿಗ್ಗೆ ಬ್ಯಾಂಕಿನಿಂದ ಫೋನು. ಸಾಲ ತೀರಿಸಿದ ಹೆಂಗಸೊಬ್ಬರು ಮನೆಪತ್ರಕ್ಕೆ ಕಾದು ಕೂತಿದ್ದಾರೆ, ಅದೇ ಪೆಟ್ಟಿಗೆ ಬೇಕು. ಆರು ಗಂಟೆ ಹುಡುಕಿದ ಮೇಲೆ ಆ ರಾಶಿಯಲ್ಲಿ ಸಿಕ್ಕಿತು. ಇನ್ನೆರಡು ದಿನ ಕಳೆದಿದ್ದರೆ ಆ ಮನೆಪತ್ರ ಚೂರು ಚೂರಾಗುತ್ತಿತ್ತು. "ಡ್ರೈವರ್‌ನ ಯಾಕೆ ಬೈಬೇಕು? ನೆಲದ ಮೇಲೆ ಇಟ್ಟವಳು ನಾನು."

ವರದಿ ಬರೆಯುವ ದಿನ ಮಾಲೀಕರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. "ಸಿಕ್ತಲ್ಲಮ್ಮ! ಸಿಕ್ಕಿದ್ದು ಕಳೆದಿದ್ದು ಹೇಗಾಗುತ್ತೆ? ಸುಮ್ನೆ ಸೊನ್ನೆ ಹಾಕು."

"ಆರು ಗಂಟೆ ಸಿಕ್ಕಿರ್ಲಿಲ್ವಲ್ಲ ಸಾರ್. ಕೆಳಗೆ ಸಹಿ ನಂದು."

ಅಕ್ಕ ಒಂದು ಎಂದು ಬರೆದರು. ಮಾಲೀಕರು ಕೆಟ್ಟವರಲ್ಲ, ಬೆವರೊರೆಸಿಕೊಳ್ಳುತ್ತಲೇ ಕಳಿಸಿದರು.

ಅದೇ ಬ್ಯಾಂಕಿಗೆ ಕೆಲಸ ಮಾಡುವ ಉಳಿದ ಹನ್ನೊಂದು ಗೋದಾಮುಗಳೂ ಸೊನ್ನೆ ಬರೆದಿದ್ದವು. ಅಬ್ಬಬ್ಬಾ! ಲಕ್ಷಗಟ್ಟಲೆ ಪೆಟ್ಟಿಗೆಗಳಲ್ಲಿ ಒಂದೂ ಜಾಗ ತಪ್ಪಿಲ್ಲವಂತೆ. ಅಲ್ಲಿನ ಇಲಿಗಳೂ ಕಾಗದ ಮುಟ್ಟುವುದಿಲ್ಲವೇನೋ. ಬ್ಯಾಂಕಿನಿಂದ ಮೂರು ಸಾಲಿನ ಪತ್ರ ಬಂತು: ಲೋಪ ವರದಿಯಾದ ಏಕೈಕ ಸಂಸ್ಥೆ ತಮ್ಮದು, ತಿಂಗಳ ಕೊನೆಗೆ ಒಪ್ಪಂದ ಮುಗಿಯುತ್ತದೆ, ಪೆಟ್ಟಿಗೆಗಳನ್ನು ಹಸ್ತಾಂತರಿಸತಕ್ಕದ್ದು. ಇದ್ದ ಒಬ್ಬ ಗಿರಾಕಿಯೂ ಹೋದ ಮೇಲೆ ಗೋದಾಮು ಇಟ್ಟುಕೊಂಡು ಮಾಡುವುದೇನು? ಮಾಲೀಕರು ಮುಚ್ಚುತ್ತಿದ್ದಾರೆ. ಬೇರೆ ಗೋದಾಮುಗಳಿಗೆ ಎರಡು ಬಸ್ಸು ಬದಲಿಸಬೇಕು. "ಹೋಗ್ಬಹುದು. ಮಧ್ಯಾಹ್ನ ಇವರನ್ನ ಹೊರಳಿಸೋರು ಯಾರು?" ಎನ್ನುತ್ತಾರೆ ಅಕ್ಕ.

ಮಂಚದ ಮೇಲಿನ ಗಂಡ ಮಾತ್ರ ತಮಾಷೆ ಬಿಟ್ಟಿಲ್ಲ. "ನನ್ನ ಬಗ್ಗೆ ವರದಿ ಬರೀಬೇಕಾಗಿಲ್ಲ ಕಣೇ. ನಾನು ಎಂಟು ವರ್ಷದಿಂದ ಇಟ್ಟ ಜಾಗದಲ್ಲೇ ಇದೀನಿ" ಎನ್ನುತ್ತಾರೆ. ಹೆಂಡತಿ ಆಚೆ ಹೋದ ಮೇಲೆ ಗೋಡೆ ಕಡೆ ಮುಖ ತಿರುಗಿಸುತ್ತಾರೆ.

ಒಂಬತ್ತು ದಿನ ಪೆಟ್ಟಿಗೆಗಳು ಹೋದವು. ಖಾಲಿ ರ‍್ಯಾಕುಗಳ ನಡುವೆ ಮಾತಾಡಿದರೆ ಮಾತು ಗೋಡೆಗೆ ಬಡಿದು ವಾಪಸು ಬರುತ್ತದೆ. ಅಕ್ಕ ಈ ಸಲ ಇಟ್ಟಿಗೆ ಇಡಲಿಲ್ಲ. "ಯಾತಕ್ಕೆ? ವಾಪಸ್ ಬರೋಲ್ವಲ್ಲ." ಇಟ್ಟಿಗೆಗಳನ್ನೆಲ್ಲ ಒರೆಸಿ ಮೂಲೆಯಲ್ಲಿ ಜೋಡಿಸಿದ್ದಾರೆ. ಹೊಸ ಗೋದಾಮಿನವರು ಒಂದೊಂದು ಪೆಟ್ಟಿಗೆಯನ್ನೂ ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಎಣಿಸಿ ಒಯ್ದರು. ಇವತ್ತು ಬೆಳಿಗ್ಗೆ ಕೊನೆಯ ವ್ಯಾನು ಹೊರಟಾಗ ಲೆಕ್ಕ ಸರಿಯಾಗಿ ಹದಿನೆಂಟು ಸಾವಿರದ ಆರುನೂರ ನಲವತ್ತಕ್ಕೆ ನಿಂತಿತು. ಎಣಿಸಿದವನಿಗೇ ನಂಬಿಕೆ ಬರಲಿಲ್ಲ, ಪಟ್ಟಿಯನ್ನು ಇನ್ನೊಂದು ಸಲ ನೋಡಿದ.

ಈಗ ಉಳಿದಿರುವುದು ಈ ತಿಂಗಳ ವರದಿ, ಗೋದಾಮಿನ ಕೊನೆಯ ವರದಿ. ಅಕ್ಕ ಇಟ್ಟಿಗೆಗಳ ಮೇಲೆ ಕೂತು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡಿದ್ದಾರೆ. ಏಳನೇ ಕಾಲಂನಲ್ಲಿ ಸೊನ್ನೆ ಬರೆದು, ಕೆಳಗೆ ನಿಧಾನವಾಗಿ ಸಹಿ ಮಾಡುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ, "ಇದನ್ನ ಆ ಮಂಡಳೀಲಿ ಯಾರಾದ್ರೂ ಒಬ್ರು ಓದಿದ್ರೆ ಸಾಕು" ಎನ್ನುತ್ತಾರೆ. ಕಾಗದ ಮಡಿಸುತ್ತ ಹೇಳುತ್ತಾರೆ:

"ಆ ಹನ್ನೊಂದು ಜನ ಬರೆದಿದ್ದು ನಂಗೆ ಗೊತ್ತಿಲ್ಲ. ಇದು ಮಾತ್ರ ಎಣಿಸಿ ಬರೆದ ಸೊನ್ನೆ."