ತರಬೇತಿ ಪೂರ್ಣ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಡಾಸಕ್ಕ ತರಬೇತಿ ಕೋಣೆಯಲ್ಲಿ ಕೂತು, ಒಂದು ಮೌಸನ್ನು ಅಂಗಾತ ಮಲಗಿಸಿ, ಅದರ ಹೊಟ್ಟೆಯೊಳಗಿನ ಗುಂಡು ತೆಗೆದು, ಉರುಳೆಗಳಿಗೆ ಅಂಟಿದ್ದ ಕೊಳೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಎಂಟು ಮೌಸುಗಳಲ್ಲಿ ಅದು ಐದನೆಯದು. ಆಗ ಬಾಗಿಲಲ್ಲಿ ಚಿಕ್ಕಮ್ಮ ಬಂದು ನಿಂತರು. ಅವರು ಅಲ್ಲಿ ಯಾರ ಚಿಕ್ಕಮ್ಮನೂ ಅಲ್ಲ. ಆ ಲಿಫ್ಟ್ ಕಂಪನಿಯ ಹಿರಿಯ ಟೈಪಿಸ್ಟ್. ನಿವೃತ್ತಿಗೆ ಎರಡು ವರ್ಷ ನಾಲ್ಕು ತಿಂಗಳು ಬಾಕಿ.

"ಹುಡುಗೀ, ಬುಟ್ಟಿ ಖಾಲಿ ಇದೆಯಲ್ಲೇ."

ಹುಡುಗಿಗೆ ಆಗ ನಲವತ್ತೊಂದು ವರ್ಷ. "ಯಾವ ಬುಟ್ಟಿ ಚಿಕ್ಕಮ್ಮ?"

"ಪರದೆ ಮೇಲಿರೋ ಕಸದಬುಟ್ಟಿ. ತಪಾಸಣೆ ವರದಿಗಳು ಎರಡೆರಡು ಕಡೆ ಇದ್ವು. ಒಂದು ಕಡೇದು ಅಳಿಸಿದೆ. ಈಗ ಎರಡು ಕಡೇನೂ ಇಲ್ಲ. ಬುಟ್ಟೀಲೂ ಇಲ್ಲ."

"ಎಲ್ಲಿಂದ ಅಳಿಸಿದ್ರಿ? ಎಫ್ ಡ್ರೈವೋ, ಎಸ್ ಡ್ರೈವೋ?"

"ಎಸ್. ಹೊಸದಲ್ವಾ, ಅದೇ ನಕಲು ಅಂದ್ಕೊಂಡೆ. ಯಾಕೆ, ತೆಗೆದುಕೊಡೋಕೆ ಆಗಲ್ವಾ?"

ಡಾಸಕ್ಕನ ಕೈಯಿಂದ ಗುಂಡು ಜಾರಿ ಮೇಜಿನಡಿಗೆ ಉರುಳಿತು. ಅವಳು ಅದನ್ನು ಹುಡುಕಲಿಲ್ಲ.

ಇನ್ನೂರ ಹದಿನಾಲ್ಕು ಕಟ್ಟಡಗಳ ಲಿಫ್ಟುಗಳ ಹನ್ನೊಂದು ವರ್ಷದ ತಪಾಸಣೆ ವರದಿಗಳು ಹೋಗಿದ್ದವು. ಹೇಗೆ ಹೋದವು ಎಂಬುದು ಡಾಸಕ್ಕನಿಗೆ ಚಿಕ್ಕಮ್ಮ ಮಾತು ಮುಗಿಸುವ ಮೊದಲೇ ತಿಳಿದಿತ್ತು. ಚಿಕ್ಕಮ್ಮ ಮಾಡಿದ್ದು ತಾನು ಕಲಿಸಿದ್ದನ್ನೇ ಎಂಬುದೂ ತಿಳಿದಿತ್ತು.

ಅವಳು ಓದಿದ್ದು ಭೌತಶಾಸ್ತ್ರ. ಪ್ರಯೋಗಾಲಯದ ಕೆಲಸಕ್ಕೆ ಏಳು ಕಡೆ ಅರ್ಜಿ ಹಾಕಿ, ಎಲ್ಲೂ ಸಿಗದೆ, ಮನೆಯ ಹಿಂದಿನ ಬೀದಿಯ ಟೈಪಿಂಗ್ ಶಾಲೆಗೆ ಸೇರಿದಳು. ಮುಂದಿನ ಹಾಲಿನಲ್ಲಿ ಮೂವತ್ತು ಟೈಪ್‌ರೈಟರುಗಳು. ಹಿಂದಿನ ಕೋಣೆಯಲ್ಲಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಜಾಗದಲ್ಲಿ, ಎರಡು ಕಂಪ್ಯೂಟರು. ಅವುಗಳ ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ. ಬೆಳಿಗ್ಗೆ ಫ್ಲಾಪಿ ತುರುಕಿದರೆ ಅದರಲ್ಲಿದ್ದ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಯಂತ್ರದೊಳಗೆ ಇಳಿಯುತ್ತಿತ್ತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮಿನುಗುತ್ತಿತ್ತು. ವಿದ್ಯಾರ್ಥಿಗಳು ಮೂವತ್ತು, ಯಂತ್ರ ಎರಡು. ಒಬ್ಬೊಬ್ಬರಿಗೆ ವಾರಕ್ಕೆ ಹನ್ನೆರಡು ನಿಮಿಷ ಬರುತ್ತಿತ್ತು. ಆದ್ದರಿಂದ ಅವಳು ಆಜ್ಞೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ, ಆಮೇಲಷ್ಟೇ ಯಂತ್ರ ಮುಟ್ಟಲು ಬಿಡುತ್ತಿದ್ದಳು. ಡಾಸಕ್ಕ ಎಂಬ ಹೆಸರು ಅಲ್ಲಿ ಅಂಟಿದ್ದು. ಡಾಸ್ ಹೋದ ಮೇಲೂ ಹೋಗಲಿಲ್ಲ.

ಪಕ್ಕದ ಕೋಣೆಯಲ್ಲಿ ಶೀಘ್ರಲಿಪಿ ಕಲಿಸುವ ಮುದುಕ ಮೇಷ್ಟ್ರೊಬ್ಬರಿದ್ದರು. ಬಿಡುವಿದ್ದಾಗ ಇವಳನ್ನು ಕರೆಯುತ್ತಿದ್ದರು. "ಬಾಮ್ಮ, ಆರು ತಿಂಗಳಲ್ಲಿ ಕಲಿಸ್ತೀನಿ. ದುಡ್ಡು ಬೇಡ. ಕೈಯಲ್ಲಿದ್ದ ವಿದ್ಯೆ ಕಳ್ಳ ಒಯ್ಯಲ್ಲ."

"ಆ ಕೋಳಿ ಕೆದರಿದ ಗೀಟು ಯಾರಿಗೆ ಬೇಕು ಮೇಷ್ಟ್ರೇ? ಇನ್ನೈದು ವರ್ಷಕ್ಕೆ ಇದು ಇರಲ್ಲ" ಎಂದು ಇವಳು ನಕ್ಕಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ನಾಲ್ಕೇ ವರ್ಷಕ್ಕೆ ಆ ಕೋಣೆಗೂ ಕಂಪ್ಯೂಟರು ಬಂದವು.

ಆಮೇಲೆ ಸೇರಿದ ಲಿಫ್ಟ್ ಕಂಪನಿಯಲ್ಲಿ ಅವಳ ಕೆಲಸ ಎರಡು: ಯಂತ್ರ ನೋಡಿಕೊಳ್ಳುವುದು, ಜನಕ್ಕೆ ಕಲಿಸುವುದು. ಅಲ್ಲಿ ಹದಿನೈದು ಕಂಪ್ಯೂಟರುಗಳನ್ನು ಒಂದೇ ತಂತಿಯಲ್ಲಿ, ಹಗ್ಗಕ್ಕೆ ಬಟ್ಟೆ ಹಾಕಿದ ಹಾಗೆ, ಪೋಣಿಸಿದ್ದರು. ಯಾರಾದರೂ ಕಾಲು ತಾಗಿಸಿ ಒಂದು ಕೊಂಡಿ ಸಡಿಲಿಸಿದರೆ ಹದಿನೈದೂ ನಿಲ್ಲುತ್ತಿದ್ದವು. ಅವೆಲ್ಲಕ್ಕೂ ಯಜಮಾನ ಬೀರುವಿನೊಳಗಿದ್ದ ಸರ್ವರು. ಅದರಲ್ಲಿದ್ದದ್ದು ಜಾಲಕ್ಕೆಂದೇ ಬರೆದ ಬೇರೆ ಕಾರ್ಯಾಚರಣಾ ವ್ಯವಸ್ಥೆ. ಅದಕ್ಕೆ ಚಿತ್ರವಿಲ್ಲ, ಬಣ್ಣವಿಲ್ಲ, ಆದರೆ ಮರೆವೂ ಇರಲಿಲ್ಲ. ಸರ್ವರಿನಲ್ಲಿ ಅಳಿಸಿದ ಕಡತವನ್ನು ಅದು ತಕ್ಷಣ ಎಸೆಯುತ್ತಿರಲಿಲ್ಲ. ಜಾಗ ಇರುವವರೆಗೆ ಹಿತ್ತಲಲ್ಲಿ ಇಟ್ಟುಕೊಂಡಿರುತ್ತಿತ್ತು. ಡಾಸಕ್ಕ ಒಂದು ಆಜ್ಞೆ ಕೊಟ್ಟರೆ ವಾಪಸ್ ಬರುತ್ತಿತ್ತು.

ಹಾಗಾಗಿ ಅವಳು ಎರಡು ಪಾಠ ಕಲಿಸಿದ್ದಳು. ಒಂದು: "ಒಂದು ಕಡತಕ್ಕೆ ಎರಡು ಮನೆ ಇರಬಾರದು. ನಕಲು ಕಂಡ್ರೆ ಅಳಿಸಿ. ಇಲ್ಲಾಂದ್ರೆ ಯಾವುದು ನಿಜ ಅಂತ ನಾಳೆ ನಿಮಗೇ ಗೊತ್ತಾಗಲ್ಲ." ಇನ್ನೊಂದು: "ತಪ್ಪಿ ಅಳಿಸಿದ್ರೆ ಹೆದರಬೇಡಿ. ನನ್ನ ಹತ್ತಿರ ಬನ್ನಿ." ಹನ್ನೊಂದು ವರ್ಷ ಜನ ಬಂದರು, ಅವಳು ತೆಗೆದುಕೊಟ್ಟಳು. ಚಿಕ್ಕಮ್ಮ ಅವಳು ಕಲಿಸಿದ ಮೊದಲ ತಂಡದಲ್ಲಿದ್ದವರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು ಅಷ್ಟು ಜನದಲ್ಲಿ ಅವರೊಬ್ಬರೇ.

ಅಷ್ಟರಲ್ಲಿ ಮೇಜಿನ ಮೇಲಿನ ಯಂತ್ರಗಳ ಪರದೆಗೆ ಕಿಟಕಿಗಳು ಬಂದವು, ಮೌಸು ಬಂತು. ಉಗ್ರಾಣದವನು ಅದನ್ನು ಟೀವಿ ರಿಮೋಟಿನ ಹಾಗೆ ಪರದೆಯತ್ತ ಹಿಡಿದು ಒತ್ತಿದ. ಪರದೆಯ ಮೂಲೆಗೆ ಒಂದು ಕಸದಬುಟ್ಟಿಯೂ ಬಂತು. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ. ಪ್ರತಿ ಆವೃತ್ತಿಗೂ ಡಾಸಕ್ಕ ಹೊಸ ನೋಟ್‌ಬುಕ್ಕು ತೆಗೆದು, ಓದಿ, ಪರೀಕ್ಷೆ ಕಟ್ಟಿ, ಪ್ರಮಾಣಪತ್ರ ತರುತ್ತಿದ್ದಳು. ಔಷಧಿ ಅಂಗಡಿ ಇಟ್ಟಿದ್ದ ಗಂಡ ಅವನ್ನು ಕಂಡಾಗಲೆಲ್ಲ ನಗುತ್ತಿದ್ದ. "ನಿನ್ನ ಸರ್ಟಿಫಿಕೇಟೂ ನನ್ನ ಮಾತ್ರೆನೂ ಒಂದೇ ಕಣೇ. ಹಿಂದೆ ತಿರುಗಿಸಿ ತಾರೀಖು ನೋಡ್ಬೇಕು."

"ನಿಮ್ಮ ಮಾತ್ರೆಗೆ ತಾರೀಖು ಮುಗಿದ್ರೆ ಕಂಪನಿ ವಾಪಸ್ ತಗೊಳುತ್ತೆ" ಎನ್ನುತ್ತಿದ್ದಳು ಅವಳು. "ನನ್ನನ್ನ ಯಾರು ತಗೋತಾರೆ?"

ಹನ್ನೆರಡನೆಯ ವರ್ಷ ಬೀರುವಿನೊಳಗಿನ ಯಜಮಾನನ ಸರದಿ ಬಂತು. ಮೇಜಿನ ವ್ಯವಸ್ಥೆ ಮಾಡಿದವರೇ ಈಗ ಜಾಲದ ವ್ಯವಸ್ಥೆಯನ್ನೂ ಮಾಡುತ್ತಾರೆ, ಎರಡಕ್ಕೂ ಒಂದೇ ಮುಖ, ಸುಲಭ ಎಂದು ಮುಖ್ಯ ಕಚೇರಿ ತೀರ್ಮಾನಿಸಿತು. ಶಾಖೆಯ ವ್ಯವಸ್ಥಾಪಕರು ಸಭೆ ಕರೆದರು. ಯಾರು ಏನು ಹೇಳಿದರೂ "ಆಯ್ತಾಯ್ತು" ಎನ್ನುವುದರಿಂದ ಅವರಿಗೆ ಆಯ್ತಾಯ್ತು ಸಾಹೇಬರು ಎಂದೇ ಹೆಸರು. ಹನ್ನೊಂದು ಜನ ಮೇಜಿನ ಸುತ್ತ. ಮೂಲೆಯ ಕುರ್ಚಿಯಲ್ಲಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಚಿಕ್ಕಮ್ಮ. ಅವರು ನಡಾವಳಿಯನ್ನು ಇನ್ನೂ ಶೀಘ್ರಲಿಪಿಯಲ್ಲೇ ಬರೆದುಕೊಂಡು ಆಮೇಲೆ ಟೈಪು ಮಾಡುತ್ತಿದ್ದರು.

ಡಾಸಕ್ಕ ಸಭೆಗೆ ಬರಿಗೈಯಲ್ಲಿ ಹೋಗಿರಲಿಲ್ಲ. ಕೂತು ಕೆಲಸ ಮಾಡುವವನ ದೃಷ್ಟಿಯಿಂದ ಹೊಸ ವ್ಯವಸ್ಥೆಯಲ್ಲಿ ಏನೇನು ಬದಲಾಗುತ್ತದೆ ಎಂದು ಪಟ್ಟಿ ಮಾಡಿದ್ದಳು. ಮೂವತ್ತೆರಡು ಅಂಶ. ಹೇಳಿ, ತೋರಿಸಿ, ಅವರ ಕೈಯಲ್ಲಿ ಮಾಡಿಸಲು ಒಂದೊಂದಕ್ಕೆ ಅರ್ಧ ಗಂಟೆ. ಗುಣಿಸಿ ಬಂದದ್ದನ್ನು ಎದ್ದು ನಿಂತು ಹೇಳಿದಳು.

ಹೊಸ ಸರ್ವರಿನ ಗುತ್ತಿಗೆ ಹಿಡಿದ ಕಂಪನಿಯ ಟೈಯವನು ನಕ್ಕ. "ಅಷ್ಟೆಲ್ಲ ಯಾಕೆ ಮೇಡಂ? ಇದು ನೋಡಿದ್ರೇ ಬರುತ್ತೆ. ನಮ್ಮನೇಲಿ ನಾಲ್ಕು ವರ್ಷದ ಮಗು ನಡೆಸುತ್ತೆ."

"ಹಾಗಾದ್ರೆ ಆ ಮಗೂನ ಕರ್ಕೊಂಡು ಬನ್ನಿ, ಲಿಫ್ಟಿನ ವರದಿ ಬರೆಸೋಣ."

ಎಲ್ಲರೂ ನಕ್ಕರು. ಸಾಹೇಬರೂ ನಕ್ಕು "ಆಯ್ತಾಯ್ತು" ಎಂದರು. ಹೊರಗೆ ಬಂದ ಆದೇಶದಲ್ಲಿ ಒಬ್ಬೊಬ್ಬರಿಗೆ ಒಂದೂವರೆ ಗಂಟೆ ಎಂದಿತ್ತು.

ಒಂದು ಶುಕ್ರವಾರ, ನಲವತ್ತಮೂರು ಜನ, ಮೂರು ತಂಡ. ಡಾಸಕ್ಕ ಉಸಿರು ಕಟ್ಟಿ ಓಡಿದರೂ ಏಳನೆಯ ಅಂಶ ದಾಟಲಿಲ್ಲ. ಹತ್ತೊಂಬತ್ತನೆಯ ಅಂಶ: ಪರದೆಯ ಕಸದಬುಟ್ಟಿ ಹಿಡಿಯುವುದು ನಿಮ್ಮ ಯಂತ್ರದಲ್ಲಿ ಅಳಿಸಿದ್ದನ್ನು ಮಾತ್ರ, ಸರ್ವರಿನಲ್ಲಿ ಅಳಿಸಿದ್ದು ಬುಟ್ಟಿಗೆ ಬೀಳುವುದಿಲ್ಲ, ಹೋಯಿತೆಂದರೆ ಹೋಯಿತು. ಇಪ್ಪತ್ತನೆಯ ಅಂಶ: ಹಳೆಯ ಪ್ರೋಗ್ರಾಮುಗಳಿಗಾಗಿ ಎಫ್, ಹೊಸ ಪದ್ಧತಿಗಾಗಿ ಎಸ್, ಹೀಗೆ ಎರಡು ಅಕ್ಷರ ಕಾಣುತ್ತವೆ, ಅವು ಎರಡು ಮನೆಯಲ್ಲ, ಒಂದೇ ಮನೆಗೆ ಎರಡು ಬಾಗಿಲು.

ಸಂಜೆ ಸಾಹೇಬರು ರಿಜಿಸ್ಟರು ಮುಂದಿಟ್ಟರು. ನಲವತ್ತಮೂರು ಸಹಿ. ಕೊನೆಯ ಕಾಲಮ್ಮಿನಲ್ಲಿ ಪ್ರತಿ ಹೆಸರಿನ ಮುಂದೆಯೂ ಮುದ್ರೆ ಒತ್ತಿತ್ತು: ತರಬೇತಿ ಪೂರ್ಣ.

"ಪೂರ್ಣ ಆಗಿಲ್ಲವಲ್ಲ ಸರ್. ಇನ್ನೂ ಇಪ್ಪತ್ತೈದು ಅಂಶ ಇದೆ."

"ಆಯ್ತಾಯ್ತು, ಉಳಿದಿದ್ದು ಮುಂದಿನ ತಿಂಗಳು ಮಾಡೋಣ. ಈಗ ಸಹಿ ಹಾಕಿ, ಮುಖ್ಯ ಕಚೇರಿಗೆ ಇವತ್ತೇ ಹೋಗ್ಬೇಕು."

ಅವಳು ಸಹಿ ಹಾಕಿದಳು. ಮುಂದಿನ ತಿಂಗಳು ಬರಲಿಲ್ಲ. ಅದಕ್ಕೆ ಮೊದಲೇ ಚಿಕ್ಕಮ್ಮ ಬಾಗಿಲಲ್ಲಿ ಬಂದು ನಿಂತಿದ್ದರು.

ವರದಿಗಳನ್ನು ಉಳಿಸಲು ಆಗಲಿಲ್ಲ. ಹಳೆಯ ಸರ್ವರನ್ನು ಟೈಯವನ ಕಂಪನಿ ಒಯ್ದು ಡಿಸ್ಕು ಒರೆಸಿಬಿಟ್ಟಿತ್ತು. ಹಳೆಯ ನಕಲಿನ ಟೇಪುಗಳಿದ್ದವು, ಅವನ್ನು ಓದುವ ಯಂತ್ರ ಸರ್ವರಿನ ಜತೆಗೇ ಹೋಗಿತ್ತು. ಹೊಸ ಸರ್ವರಿಗೆ ನಕಲು ತೆಗೆದಿಡುವ ವ್ಯವಸ್ಥೆ ಯೋಜನೆಯ 'ಎರಡನೇ ಹಂತ'ಕ್ಕೆ ಉಳಿದಿತ್ತು. ಕಾಗದದ ಪ್ರತಿಗಳು ಎರಡು ವರ್ಷದವು ಮಾತ್ರ ಸಿಕ್ಕವು. ಒಂಬತ್ತು ವರ್ಷ ಮಣ್ಣುಪಾಲು. ಯಾರಾದರೂ ಹೊಣೆಯಾಗಬೇಕಿತ್ತು.

ವಿಚಾರಣೆ ಸಾಹೇಬರ ಕೋಣೆಯಲ್ಲೇ ನಡೆಯಿತು. ಮುಖ್ಯ ಕಚೇರಿಯಿಂದ ಬಂದಿದ್ದ ಅಧಿಕಾರಿ ಕೆಟ್ಟವರಲ್ಲ. ಚಿಕ್ಕಮ್ಮನಿಗೆ ಕೂರಲು ಹೇಳಿ, ನೀರು ತರಿಸಿ, ಆಮೇಲೆ ರಿಜಿಸ್ಟರು ತೆರೆದರು.

"ತರಬೇತಿ ಪೂರ್ಣ ಅಂತಿದೆ. ಇವರು ಅದಕ್ಕೆ ವಿರುದ್ಧವಾಗಿ ಅಳಿಸಿದ್ದಾರೆ. ಕೆಳಗಿನ ಸಹಿ ನಿಮ್ಮದೇನಮ್ಮ?"

"ನಂದೇ" ಎಂದಳು ಡಾಸಕ್ಕ. "ಆದ್ರೆ ಪೂರ್ಣ ಅನ್ನೋದು ಸುಳ್ಳು. ಏಳು ಅಂಶ ಹೇಳಿಕೊಟ್ಟೆ. ಇದು ಹತ್ತೊಂಬತ್ತು, ಇಪ್ಪತ್ತನೇದು. ಇವರು ನಾನು ಹಿಂದೆ ಕಲಿಸಿದ ಹಾಗೇ ಮಾಡಿದ್ದಾರೆ. ತಪ್ಪು ಇವರದಲ್ಲ."

"ಸುಳ್ಳಿಗೆ ಸಹಿ ಯಾಕೆ ಹಾಕಿದ್ರಿ?"

"ಉಳಿದದ್ದು ಆಮೇಲೆ ಅಂದ್ರು. ನಂಬಿದೆ. ಎಷ್ಟು ಗಂಟೆ ಬೇಕು ಅಂತ ನಾನು ಸಭೇಲಿ ಎದ್ದು ನಿಂತು ಹೇಳಿದೀನಿ."

ಅಧಿಕಾರಿ ಸಾಹೇಬರ ಕಡೆ ನೋಡಿದರು. ಸಾಹೇಬರು ಅಂದು ಮೊದಲ ಸಲ ಆಯ್ತಾಯ್ತು ಎನ್ನಲಿಲ್ಲ. "ಅಂಥದ್ದೇನೂ ಹೇಳಿದ ನೆನಪಿಲ್ಲ ನಂಗೆ. ನಡಾವಳಿ ಇದೆಯಲ್ಲ, ನೋಡಿ."

ಟೈಪಾದ ನಡಾವಳಿಯಲ್ಲಿ ಒಂದು ಸಾಲಿತ್ತು: 'ತರಬೇತಿಯ ಬಗ್ಗೆ ಚರ್ಚಿಸಲಾಯಿತು.'

"ಅದು ನೀವು ತಿದ್ದಿಸಿದ ಮೇಲಿನದು ಸರ್" ಎಂದರು ಚಿಕ್ಕಮ್ಮ. ಅವರ ಧ್ವನಿ ಗಟ್ಟಿಯಾಗೇ ಇತ್ತು. ಕೈಚೀಲದಿಂದ ಉದ್ದನೆಯ ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟರು. "ಆಡಿದ ಮಾತು ಆಡಿದ ಹಾಗೆ ಇದರಲ್ಲಿದೆ. ತಾರೀಖು ಮೇಲಿದೆ. ನಾನು ಯಾವ ಪುಸ್ತಕಾನೂ ಎಸೆದಿಲ್ಲ."

ಅಧಿಕಾರಿ ಪುಟವನ್ನು ಒಮ್ಮೆ ನೆಟ್ಟಗೆ ಹಿಡಿದರು, ಒಮ್ಮೆ ಓರೆಯಾಗಿ ಹಿಡಿದರು. ಕೊಕ್ಕೆ, ಚುಕ್ಕಿ, ಬಳುಕು ಗೀಟು. "ಇದನ್ನ ಓದೋರು ಯಾರಮ್ಮ?"

"ನಾನು."

"ನೀವು ಓದಿದ್ರೆ ಅದು ನಿಮ್ಮ ಮಾತೇ ಆಯ್ತಲ್ಲ. ಬೇರೆ ಯಾರಿಗಾದ್ರೂ ಬರುತ್ತಾ ಇಲ್ಲಿ?" ಅವರು ಡಾಸಕ್ಕನ ಕಡೆ ತಿರುಗಿದರು. "ನೀವು ಟೈಪಿಂಗ್ ಶಾಲೇಲಿದ್ದೋರು ಅಂತ ಕಡತದಲ್ಲಿದೆ. ನಿಮಗೆ ಬರುತ್ತಾ?"

ಚಿಕ್ಕಮ್ಮ ಅವಳನ್ನೇ ನೋಡುತ್ತಿದ್ದರು. ಬರುತ್ತದೆ ಎಂದರೆ ಸಾಕಿತ್ತು. ಆ ಪುಟದಲ್ಲಿ ಏನಿದೆ ಎಂಬುದು ಅವಳಿಗೆ ಗೊತ್ತೇ ಇತ್ತು, ಅವಳದೇ ಮಾತು. ಗೀಟಿನ ಮೇಲೆ ಬೆರಳಾಡಿಸಿ ಹೇಳಿಬಿಡಬಹುದಿತ್ತು. ಆದರೆ ಬೆರಳು ಯಾವ ಸಾಲಿನ ಮೇಲಿಡಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಒಂದು ಸುಳ್ಳಿಗೆ ಸಹಿ ಹಾಕಿದ್ದರ ಫಲ ಎದುರಿಗೇ ಕೂತಿತ್ತು.

"ಬರಲ್ಲ" ಎಂದಳು.

ಚಿಕ್ಕಮ್ಮನನ್ನು ಆ ತಿಂಗಳ ಕೊನೆಗೆ ಮನೆಗೆ ಕಳಿಸಿದರು. ಡಾಸಕ್ಕನಿಗೆ ಎಚ್ಚರಿಕೆ ಪತ್ರ ಕೊಟ್ಟು ಉಳಿಸಿಕೊಂಡರು. ಹೊಸ ಆವೃತ್ತಿ ಬರುವುದಿತ್ತು, ಕಲಿಸುವವರು ಬೇಕಿತ್ತು. ಎರಡು ವರ್ಷದ ಮೇಲೆ ಅದು ಬಂತು, ಅದಕ್ಕೂ ಒಂದೂವರೆ ಗಂಟೆಯೇ ಸಿಕ್ಕಿತು. ಈ ಸಲ ಅವಳು ಪೂರ್ಣ ಎಂಬ ಮುದ್ರೆಯ ಮೇಲೆ ಒಂದೊಂದಾಗಿ ಗೆರೆ ಎಳೆದು, ಪಕ್ಕದಲ್ಲಿ ಕಲಿಸಿದ ಅಂಶಗಳ ಸಂಖ್ಯೆ ಬರೆದಳು. ಸಾಹೇಬರು ಆಯ್ತಾಯ್ತು ಎಂದು ಹೊಸ ರಿಜಿಸ್ಟರು ತರಿಸಿ, ಬೇರೆಯವರ ಸಹಿ ಹಾಕಿಸಿದರು.

ಅದಕ್ಕೂ ಮೊದಲು, ಚಿಕ್ಕಮ್ಮನ ಕೆಲಸ ಹೋದ ಮೇಲೆ, ಅವರ ಮನೆಗೆ ಹೋಗಲು ಅವಳಿಗೆ ಏಳು ತಿಂಗಳು ಹಿಡಿದಿತ್ತು. ಮೂರನೆಯ ಮಹಡಿ, ಆ ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ. ಚಿಕ್ಕಮ್ಮ ಬೈಯಲಿಲ್ಲ. "ಬಂದ್ಯಾ ಹುಡುಗೀ, ಕೂತ್ಕೋ, ಬೆವರ್ತಾ ಇದೀಯ" ಎಂದು ಫ್ಯಾನು ಹಾಕಿದರು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಅವತ್ತು ಬರುತ್ತೆ ಅಂದಿದ್ರೆ ಆಗ್ತಿತ್ತು ಚಿಕ್ಕಮ್ಮ."

"ಇನ್ನೊಂದು ಗೀಟು ತೋರಿಸಿ ಓದು ಅಂದಿದ್ರೆ ಏನ್ಮಾಡ್ತಿದ್ದೆ? ಇಬ್ರೂ ಹೋಗ್ತಿದ್ವಿ." ನೀರಿನ ಲೋಟ ಮುಂದಿಟ್ಟು ಅವರೇ ಮತ್ತೆ ಹೇಳಿದರು. "ಬರಲ್ಲ ಅಂದಿದ್ದಕ್ಕಲ್ಲ ನಂಗೆ ಬೇಜಾರು. ಸಹಿ ಹಾಕೋ ಮುಂಚೆ ಒಂದು ಮಾತು ನನ್ನ ಕೇಳಬೇಕಿತ್ತು ನೀನು."

ಗೋಡೆಯ ಕಪಾಟಿನಲ್ಲಿ ಉದ್ದನೆಯ ನೋಟ್‌ಬುಕ್ಕುಗಳು ತಾರೀಖಿನ ಪ್ರಕಾರ ನಿಂತಿದ್ದವು. ಯಾವುದಕ್ಕೂ ಎರಡನೆಯ ಪ್ರತಿ ಇರಲಿಲ್ಲ. ಡಾಸಕ್ಕ ಆ ಸಭೆಯ ಪುಸ್ತಕ ಕೇಳಿದಳು, ಚಿಕ್ಕಮ್ಮ ಅದನ್ನು ತೆಗೆದರು. ಕನ್ನಡಕ ಹಾಕಿಕೊಂಡು ಪುಟ ತಿರುವಿ, ಒಂದು ಸಣ್ಣ ಕೊಕ್ಕೆಯ ಮೇಲೆ ಬೆರಳಿಟ್ಟರು. ಅದು ಉಗುರಿಗಿಂತ ದೊಡ್ಡದಿರಲಿಲ್ಲ.

"ಇದು ನೀನು" ಎಂದರು. ಆಮೇಲೆ ಬೆರಳನ್ನು ಮುಂದಕ್ಕೆ ಸರಿಸುತ್ತ, ಸಭೆಯಲ್ಲಿ ಅವಳು ಹೇಳಿದ್ದನ್ನು ಹೇಳಿದ ಹಾಗೇ ಓದಿದರು: "ಒಬ್ಬೊಬ್ಬರಿಗೆ, ಸರ್, ಹದಿನಾರು ಗಂಟೆ."